ಮಾರ್ಕ್ 2 ಅಂಬಾಸಿಡರ್: ಕಾರ್ಖಾನೆಯ ಪೇಂಟ್ ಉಳಿಸಿಕೊಂಡೇ ಹೊಳಪು ತರೋದು ಹೇಗೆ?

ಮೂಡಿಗೆರೆ_ಮಾರ್ಕ್2:

ಎಲ್ಲರಿಗೂ ನಮಸ್ಕಾರ. ಗಾಡಿ 1968ರ ಅಂಬಾಸಿಡರ್ ಮಾರ್ಕ್ 2, ಕಡುನೀಲಿ. ಮೂಡಿಗೆರೆ ಹತ್ತಿರ ತೋಟದ ಶೆಡ್ಡಿನಲ್ಲಿದೆ. ಶೆಡ್ಡಿಗೆ ಮೂರು ಕಡೆ ಗೋಡೆ, ಎಡಗಡೆ ಬಯಲು, ಪಕ್ಕದಲ್ಲೇ ಸಿಲ್ವರ್ ಓಕ್ ಸಾಲು. ಶೆಡ್ಡು ಕಟ್ಟೋ ಮೊದಲು ಅಂಗಳದಲ್ಲೇ ನಿಲ್ಲುತ್ತಿತ್ತು. ಇಂಜಿನ್, ಬ್ರೇಕ್ ಸರಿ ಇವೆ, ಬಾಡಿ ಗಟ್ಟಿ. ಪೇಂಟ್ ಕಾರ್ಖಾನೆಯಿಂದ ಬಂದದ್ದೇ.

ಟಾಪ್ ಮತ್ತು ಬಾನೆಟ್ ಮೇಲೆ ಕೈ ಆಡಿಸಿದರೆ ಅಂಗೈಗೆ ನೀಲಿ ಪುಡಿ ಬರುತ್ತೆ. ಎಡಗಡೆ ಬಾಗಿಲು ಮತ್ತು ಹಿಂದಿನ ಮಡ್‌ಗಾರ್ಡ್ ಮೇಲೆ ಪಾಚಿ, ಅಲ್ಲಲ್ಲಿ ಕಲ್ಲುಹೂವು. ಡಿಕ್ಕಿ ತೆಗೆದು ಒಳ ಅಂಚು ನೋಡಿದರೆ ಬಣ್ಣ ಇನ್ನೂ ಗಾಢವಾಗಿಯೇ ಇದೆ. ಡ್ರೈವರ್ ಬಾಗಿಲಿನ ಕೆಳಗೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ತುಕ್ಕಿನ ಎರಡು ಚುಕ್ಕೆ.

ಪೇಂಟರ್ ಒಬ್ಬರು ಪೂರ್ತಿ ಕೆರೆದು ಹೊಸದಾಗಿ ಹೊಡೆಸಿ ಅಂತಾರೆ. ಇನ್ನೊಬ್ಬರು ರಬ್ಬಿಂಗ್ ಕಂಪೌಂಡ್ ಹಾಕಿ ಮಿಷನ್ ಆಡಿಸಿದರೆ ಸಾಕು ಅಂತಾರೆ. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿ ಒರೆಸಿ ಅನ್ನೋರೂ ಇದ್ದಾರೆ. ನನಗೆ ಮೂಲ ಪೇಂಟ್ ಉಳೀಬೇಕು. ಎಲ್ಲಿಂದ ಶುರು ಮಾಡಲಿ? ನಮ್ಮ ಮಳೆಗೆ ತಡೆಯೋ ವ್ಯಾಕ್ಸ್ ಯಾವುದು? ಇನ್ನೊಂದು ವಿಷಯ: ವಿಂಟೇಜ್ ನೋಂದಣಿಗೆ ಹಾಕಬೇಕು ಅಂತಿದೆ, ಪೇಂಟ್ ವಿಚಾರ ಅದಕ್ಕೆ ಅಡ್ಡ ಬರುತ್ತಾ?

ಚಿಕ್ಕಮಗಳೂರು_ಕಾರ್ನೌಬಾ:

ಸರ್, ಕೆರೆಯೋ ಮಾತು ಬಿಟ್ಟುಬಿಡಿ. ಕೈಗೆ ಬಣ್ಣದ ಪುಡಿ ಬರ್ತಿದೆ, ಡಿಕ್ಕಿಯ ಅಂಚು ಗಾಢವಾಗಿದೆ ಅಂದರೆ ಸತ್ತಿರೋದು ಮೇಲಿನ ತೆಳು ಪದರ ಮಾತ್ರ. ಆ ಕಾಲದ ಪೇಂಟ್‌ಗೆ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇರಲ್ಲ. ಬಣ್ಣದ ಪುಡಿಯೂ ಅದನ್ನು ಹಿಡಿದಿಡೋ ರಾಳವೂ ಒಂದೇ ಪದರದಲ್ಲಿರುತ್ತೆ. ಬಿಸಿಲಿಗೆ ರಾಳ ಒಡೆಯುತ್ತೆ, ಹಿಡಿತ ತಪ್ಪಿದ ಪುಡಿ ಮೇಲೆ ಕೂರುತ್ತೆ. ಒಳ್ಳೆ ಬಣ್ಣ ಅದರ ಕೆಳಗೇ ಇದೆ.

ಆದರೆ ಎಷ್ಟಿದೆ ಅಂತ ತಿಳಿಯದೆ ಪಾಲಿಶ್ ಹಚ್ಚಬೇಡಿ. ಪೇಂಟ್ ದಪ್ಪ ಅಳೆಯೋ ಗೇಜ್ ಕೊಳ್ಳಿ, ಇಲ್ಲವೇ ಡೀಟೇಲಿಂಗ್ ಅಂಗಡಿಯಿಂದ ಒಂದು ದಿನಕ್ಕೆ ತನ್ನಿ. ಒಂದೊಂದು ಪ್ಯಾನೆಲ್‌ನಲ್ಲಿ ಐದಾರು ಕಡೆ ಇಟ್ಟು ಬರೆದುಕೊಳ್ಳಿ. ಪ್ರೈಮರ್ ಸೇರಿ 80ರಿಂದ 150 ಮೈಕ್ರಾನ್ ಬಂದರೆ ಮೂಲ ಪೇಂಟ್ ಅಂತ ನಂಬಬಹುದು. 250 ದಾಟಿದರೆ ಅಲ್ಲಿ ಯಾವಾಗಲೋ ಮತ್ತೆ ಹೊಡೆದಿದ್ದಾರೆ, 500 ದಾಟಿದರೆ ಕೆಳಗೆ ಪುಟ್ಟಿ ಇದೆ. 70ಕ್ಕಿಂತ ಕಡಿಮೆ ತೋರಿಸೋ ಜಾಗಕ್ಕೆ ಮಿಷನ್ ಮುಟ್ಟಿಸಬೇಡಿ. ಬಾನೆಟ್‌ನ ನಡು ಏಣು, ಮಡ್‌ಗಾರ್ಡ್‌ನ ಉಬ್ಬು, ಬಾಗಿಲಿನ ಅಂಚು, ಇಲ್ಲೆಲ್ಲ ಪೇಂಟ್ ಯಾವತ್ತೂ ತೆಳು. ಒದ್ದೆ ಪೇಂಟ್ ಅಂಚಿನಿಂದ ಜಾರುತ್ತೆ, ಆಮೇಲೆ ಬಟ್ಟೆ ಉಜ್ಜೋದೂ ಅಲ್ಲೇ ಹೆಚ್ಚು.

ತೊಳೆಯೋಕೆ ಪ್ರೆಷರ್ ವಾಷರ್ ಬೇಡ. ಹಳೇ ಬೀಡಿಂಗ್ ದಾಟಿ ನೀರು ಬಾಗಿಲಿನ ಹೊಟ್ಟೆಗೆ ಇಳಿಯುತ್ತೆ. ಪೈಪಿನಲ್ಲಿ ಧಾರಾಳ ನೀರು ಬಿಟ್ಟು ಧೂಳು ಹೋಗಲಿ, ಆಮೇಲೆ ಕಾರ್ ಶಾಂಪೂ, ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಪಾತ್ರೆ ತೊಳೆಯೋ ಸೋಪು, ಬಟ್ಟೆ ಸೋಪಿನ ಪುಡಿ ಎರಡೂ ಬೇಡ. ಕಲ್ಲುಹೂವನ್ನು ಒಣಗಿದ್ದಾಗ ಕೀಳಲೇಬೇಡಿ, ಅದು ಬಣ್ಣದ ಸಿಪ್ಪೆಯನ್ನೂ ಕಿತ್ತುಕೊಂಡೇ ಬರುತ್ತೆ. ಹಳೇ ಟವೆಲನ್ನು ಉಗುರುಬೆಚ್ಚಗಿನ ಶಾಂಪೂ ನೀರಿನಲ್ಲಿ ಅದ್ದಿ ಅದರ ಮೇಲೆ ಅರ್ಧ ಗಂಟೆ ಹಾಸಿಡಿ. ಮೆತ್ತಗಾದ ಮೇಲೆ ಪ್ಲಾಸ್ಟಿಕ್ ಕಾರ್ಡಿಗೆ ಬಟ್ಟೆ ಸುತ್ತಿ ಓರೆಯಾಗಿ ತಳ್ಳಿ. ಬರದಿದ್ದರೆ ಮತ್ತೆ ನೆನೆಸಿ. ಬ್ಲೀಚಿಂಗ್ ಪೌಡರ್, ಸ್ಟೀಲ್ ಸ್ಕ್ರಬ್ಬರ್ ಹತ್ತಿರ ತರಬೇಡಿ. ಕಲ್ಲುಹೂವು ಬಿಡೋ ಆಮ್ಲ ಪೇಂಟನ್ನು ಸ್ವಲ್ಪ ತಿಂದಿರುತ್ತೆ. ಆ ಉಂಗುರದ ಗುರುತು ಮಸುಕಾಗಬಹುದು, ಪೂರ್ತಿ ಹೋಗಲ್ಲ. ಹೋಗಿಸೋಕೆ ಹೋದರೆ ಸುತ್ತಲಿನ ಒಳ್ಳೆ ಪೇಂಟ್ ಹೋಗುತ್ತೆ.

ಇನ್ನು ಮುಖ್ಯ ಕೆಲಸ. ಒಣಗಿ ನಿಂತ ಪೇಂಟ್‌ಗೆ ಮೊದಲು ಎಣ್ಣೆ ಕುಡಿಸಬೇಕು, ತೇಯೋದು ಆಮೇಲೆ. ಇದಕ್ಕೆ ಮೆಗ್ವಯರ್ಸ್ ನಂಬರ್ 7 ಗ್ಲೇಜ್ ಥರದ್ದು, ಎಣ್ಣೆಯ ಅಂಶ ಹೆಚ್ಚಿರೋದು, ತೇಯೋ ಪುಡಿ ಇಲ್ಲದ್ದು ಬೇಕು. ಮೈಕ್ರೋಫೈಬರ್ ಅಲ್ಲ, ಹತ್ತಿಯ ಟರ್ಕಿ ಟವೆಲ್ ತಗೊಳ್ಳಿ. ಅದರ ದಾರದ ಕುಣಿಕೆಗಳು ಸತ್ತ ಪುಡಿಯನ್ನು ಎತ್ತಿಕೊಳ್ಳುತ್ತವೆ. ಎರಡಡಿ ಚೌಕ ಜಾಗಕ್ಕೆ ಧಾರಾಳವಾಗಿ ಸುರಿದು ಚೆನ್ನಾಗಿ ಉಜ್ಜಿ. ಟವೆಲ್ ನೀಲಿಯಾಗುತ್ತೆ, ಗಾಬರಿ ಬೇಡ. ಕ್ಲಿಯರ್ ಕೋಟ್ ಇಲ್ಲ ಅನ್ನೋದಕ್ಕೂ ಅದೇ ಸಾಕ್ಷಿ. ನೀಲಿ ತುಂಬಿದ ಮಗ್ಗುಲಿನಲ್ಲೇ ಮತ್ತೆ ಉಜ್ಜಿದರೆ ಆ ಪುಡಿಯೇ ಗೀರು ಹಾಕುತ್ತೆ, ಮಡಚಿ ಹೊಸ ಮಗ್ಗುಲು ತಿರುಗಿಸ್ತಾ ಇರಿ. ಉಜ್ಜಿದ ಮೇಲೆ ಒರೆಸದೆ, ಕಣ್ಣಿಗೆ ಕಾಣೋವಷ್ಟು ದಪ್ಪ ಪದರ ಬಿಟ್ಟು ರಾತ್ರಿಯಿಡೀ ಹಾಗೇ ಇರಲಿ. ಬೆಳಿಗ್ಗೆ ನೋಡಿದರೆ ಕೆಲವು ಕಡೆ ಗ್ಲೇಜ್ ಪೂರ್ತಿ ಇಂಗಿರುತ್ತೆ. ಅಲ್ಲಿ ಇನ್ನೊಂದು ಸಲ ಹಾಕಿ. ಟಾಪ್, ಬಾನೆಟ್‌ಗೆ ಎರಡು ಸಲ ಬೇಕೇ ಬೇಕು. ಎಣ್ಣೆ ಸತ್ತ ರಾಳವನ್ನು ಬದುಕಿಸಲ್ಲ, ಆದರೆ ಸಂದುಗಳನ್ನು ತುಂಬುತ್ತೆ. ಮುಂದೆ ಪಾಲಿಶ್ ಮಾಡುವಾಗ ಪೇಂಟ್ ಪುಡಿಪುಡಿಯಾಗಿ ಕೀಳದೆ ಸಮವಾಗಿ ತೇಯುತ್ತೆ.

ಪಾಲಿಶ್‌ಗೆ ಸಿಗೋದರಲ್ಲಿ ಅತಿ ನಯವಾದದ್ದರಿಂದಲೇ ಶುರು ಮಾಡಿ. ಡಿಕ್ಕಿ ಮುಚ್ಚಳದ ಮೇಲೆ ಒಂದಡಿ ಚೌಕ ಟೇಪ್ ಕಟ್ಟಿ ಪರೀಕ್ಷೆ ಮಾಡಿ, ಅಲ್ಲಿ ಒಪ್ಪಿಗೆಯಾದರೆ ಮಾತ್ರ ಉಳಿದ ಕಡೆ. ಡಿಎ ಪಾಲಿಶರ್ (ಡ್ಯುಯಲ್ ಆ್ಯಕ್ಷನ್, ಪ್ಯಾಡ್ ಸುತ್ತುತ್ತಲೇ ಅಲುಗಾಡೋ ಮಿಷನ್) ಇದ್ದರೆ ಮೆತ್ತನೆ ಫಿನಿಶಿಂಗ್ ಫೋಮ್ ಪ್ಯಾಡ್, ವೇಗ 3 ಅಥವಾ 4, ಒತ್ತಡ ಮಿಷನ್ನಿನ ತೂಕದಷ್ಟೇ, ನಿಧಾನವಾಗಿ ನಾಲ್ಕು ಸುತ್ತು. ಪ್ಯಾಡ್ ಬೇಗ ಬಣ್ಣ ತುಂಬಿಕೊಳ್ಳುತ್ತೆ, ಪ್ರತಿ ಪ್ಯಾನೆಲ್‌ಗೂ ತೊಳೆದ ಪ್ಯಾಡ್ ಬೇಕು. ಎಲ್ಲ ಏಣುಗಳಿಗೂ ಅರ್ಧ ಇಂಚಿನ ಮಾಸ್ಕಿಂಗ್ ಟೇಪ್ ಹಚ್ಚಿ, ಅವನ್ನು ಕೊನೆಗೆ ಕೈಯಲ್ಲೇ ಒಂದು ಸಲ ಒರೆಸಿದರೆ ಸಾಕು. ಪ್ಯಾಡ್ ಮೇಲೆ ನೀಲಿ ಬಿಟ್ಟು ಬೂದಿ ಅಥವಾ ಕೆಂಗಂದು ಕಂಡರೆ ಅದು ಪ್ರೈಮರ್, ತಕ್ಷಣ ನಿಲ್ಲಿಸಿ.

ವ್ಯಾಕ್ಸ್ ಅಂದರೆ ಕಾರ್ನೌಬಾ ಪೇಸ್ಟ್, ತಾಳೆ ಜಾತಿಯ ಮರದ ಎಲೆಯಿಂದ ತೆಗೆಯೋ ಮೇಣದ್ದು. ಸಿಂಥೆಟಿಕ್ ಸೀಲಂಟ್ ಹೆಚ್ಚು ದಿನ ಬಾಳುತ್ತೆ ನಿಜ, ಆದರೆ ಎಣ್ಣೆ ಕುಡಿದ ಪೇಂಟ್ ಮೇಲೆ ಅದು ಸರಿಯಾಗಿ ಕಚ್ಚಲ್ಲ. ಕಾರ್ನೌಬಾಕ್ಕೆ ಎಣ್ಣೆಯ ತಕರಾರಿಲ್ಲ. ಒಂದು ಬಾಗಿಲಿಗೆ ಅಡಿಕೆ ಗಾತ್ರದಷ್ಟು ಸಾಕು. ದಪ್ಪ ಹಚ್ಚಿದರೆ ಹೊಳಪು ಹೆಚ್ಚಲ್ಲ, ಒರೆಸೋ ಕಷ್ಟ ಹೆಚ್ಚುತ್ತೆ. ಡಬ್ಬಿ ಮೇಲೆ ಹದಿನೈದು ನಿಮಿಷ ಅಂತ ಬರೆದಿರಬಹುದು, ನಮ್ಮ ಕಡೆ ತೇವಕ್ಕೆ ಇನ್ನೂ ಹೊತ್ತು ಹಿಡಿಯುತ್ತೆ. ಬೆರಳಿನಿಂದ ಒಂದು ಗೆರೆ ಎಳೆಯಿರಿ, ಗೆರೆ ಸ್ವಚ್ಛವಾಗಿ ಬಿದ್ದರೆ ಒರೆಸಿ, ಮೆತ್ತಿದರೆ ಕಾಯಿರಿ. ಎರಡನೇ ಕೋಟ್ ಮರುದಿನ.

ಹಾಸನ_ಟಿಂಕರಿಂಗ್:

ಮೇಲೆ ಬರೆದಿರೋದು ಸರಿಯಾಗಿದೆ. ಒಂದೆರಡು ಸೇರಿಸ್ತೀನಿ.

ಡೀಸೆಲ್ ವಿಚಾರ. ಒರೆಸಿದಾಗ ಹೊಳೆಯೋದು ಪುಡಿ ಒದ್ದೆಯಾಗಿರೋದಕ್ಕೆ. ಒಣಗಿದ ಮೇಲೆ ಮತ್ತೆ ಅದೇ ಮಂಕು. ಉಳಿದ ಜಿಡ್ಡಿಗೆ ಕಾಫಿ ಕಣದ ಧೂಳು ಅಂಟುತ್ತೆ, ಬೀಡಿಂಗ್ ರಬ್ಬರ್ ಉಬ್ಬಿ ಮೆತ್ತಗಾಗುತ್ತೆ. ಈಗಾಗಲೇ ಒರೆಸಿದ್ದರೆ ಮಿನರಲ್ ಟರ್ಪೆಂಟೈನ್ ಅದ್ದಿದ ಬಟ್ಟೆಯಲ್ಲಿ ಒಂದು ಸಲ ಹಗುರವಾಗಿ ಒರೆಸಿ, ಆಮೇಲೆ ಶಾಂಪೂ. ಅಗಸೆ ಎಣ್ಣೆ ಹಚ್ಚಿ ಅಂತ ಯಾರಾದರೂ ಹೇಳಿದರೆ ಅದೂ ಬೇಡ. ಅದು ಗಾಳಿಗೆ ಒಣಗಿ ಹಳದಿ ಪೊರೆ ಕಟ್ಟುತ್ತೆ, ತೆಗೆಯೋಕೆ ಬರಲ್ಲ. ಅದನ್ನು ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು.

ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗೋ ರಬ್ಬಿಂಗ್ ಕಂಪೌಂಡ್ ಹೊಸ ಪೇಂಟ್ ಹೊಡೆದ ಮೇಲೆ ಕಿತ್ತಳೆ ಸಿಪ್ಪೆಯಂಥ ತರಿ ತೆಗೆಯೋಕೆ ಇರೋ ಒರಟು ಮಾಲು. ಒಂದೇ ಕಡೆ ಗಿರಗಿರ ಸುತ್ತೋ ರೋಟರಿ ಮಿಷನ್ನು, ಉಣ್ಣೆ ಪ್ಯಾಡು ಸೇರಿದರೆ ನಿಮ್ಮ ಬಾನೆಟ್‌ನ ಏಣಿನಲ್ಲಿ ಪ್ರೈಮರ್ ಕಾಣೋಕೆ ಅರೆ ನಿಮಿಷ ಸಾಕು.

ಹಳೇ ಪೇಂಟ್‌ನಲ್ಲಿ ಸೀಸ ಇರೋ ಸಾಧ್ಯತೆ ಹೆಚ್ಚು. ತುಕ್ಕಿನ ಸುತ್ತ ಉಜ್ಜೋದಿದ್ದರೆ ವಾಟರ್ ಪೇಪರ್ ಹಾಕಿ ಒದ್ದೆಯಲ್ಲೇ ಉಜ್ಜಿ, ಒಣ ಪುಡಿ ಹಾರಿಸಬೇಡಿ. ಮಾಸ್ಕ್ ಇರಲಿ, ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ, ಮಕ್ಕಳನ್ನು ದೂರ ಇಡಿ. ಇದನ್ನು ಯಾರೂ ಹೇಳಲ್ಲ, ಹೇಳಲೇಬೇಕಾದದ್ದು.

ಆ ಎರಡು ಚುಕ್ಕೆಗೆ ಮೊದಲು ಬಾಗಿಲಿನ ತಳದಲ್ಲಿ ನೀರು ಇಳಿಯೋ ತೂತು ಕಟ್ಟಿದೆಯಾ ನೋಡಿ. ತುಕ್ಕು ಹೊರಗೆ ಕಾಣೋದು ಕೊನೆಗೆ, ಶುರುವಾಗೋದು ಒಳಗೆ. ತೂತು ಬಿಡಿಸಿ, ಒಳಗಿನ ಮಣ್ಣು ತೆಗೆದು ಒಣಗಿಸಿ, ಎಲ್ಲ ಮುಗಿದ ಮೇಲೆ ಒಳಗೆ ತುಕ್ಕು ತಡೆಯೋ ಕ್ಯಾವಿಟಿ ವ್ಯಾಕ್ಸ್ ಹೊಡೀರಿ. ಹೊರಗೆ ಚುಕ್ಕೆಯಷ್ಟನ್ನೇ ಕೆರೆದು ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಅನ್ನು ಸಣ್ಣ ಕುಂಚದಲ್ಲಿ ಹಚ್ಚಿ, ಸುತ್ತ ಟೇಪ್ ಇರಲಿ. ಒಣಗಿದ ಮೇಲೆ ಪ್ರೈಮರ್, ಆಮೇಲೆ ಬಣ್ಣ ತೆಳುವಾಗಿ ಮೂರ್ನಾಲ್ಕು ಸಲ.

ಬಣ್ಣ ಹೊಂದಿಸೋದು ಪಾಲಿಶ್ ಮುಗಿದ ಮೇಲೆ. ಮಂಕಾದ ಪೇಂಟ್‌ಗೆ ಹೊಂದಿಸಿ ತಂದರೆ ಹೊಳಪು ಬಂದ ದಿನ ನಿಮ್ಮ ಚುಕ್ಕೆ ಬಿಳಿಚಿಕೊಂಡು ಎದ್ದು ಕಾಣುತ್ತೆ. ಕಳಚಲು ಬರೋ ಸಣ್ಣ ಭಾಗವೊಂದನ್ನು ಪಾಲಿಶ್ ಮಾಡಿ ಪೇಂಟ್ ಮಿಕ್ಸ್ ಮಾಡೋ ಅಂಗಡಿಗೆ ಒಯ್ಯಿರಿ. ಕಾಣದ ಮೂಲೆಯಲ್ಲಿ ಬಟ್ಟೆಗೆ ಒಂದು ಹನಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹಾಕಿ ಒತ್ತಿ ನೋಡಿ: ಬಣ್ಣ ಕರಗಿ ಬಂದರೆ ಲ್ಯಾಕರ್, ಕರಗದೆ ನಿಂತರೆ ಅಥವಾ ಸುಕ್ಕು ಬಿದ್ದರೆ ಎನಾಮೆಲ್. ಎನಾಮೆಲ್ ಆದರೆ ಟಚ್‌ಅಪ್‌ಗೂ ಸಿಂಥೆಟಿಕ್ ಎನಾಮೆಲ್ಲೇ ಹಾಕಿ. ಹಳೇ ಎನಾಮೆಲ್ ಮೇಲೆ ಖಾರವಾದ ಥಿನ್ನರ್ ಬಿದ್ದರೆ ಅಂಚೆಲ್ಲ ಸುಕ್ಕಾಗಿ ಏಳುತ್ತೆ. ಹೊಸ ಎನಾಮೆಲ್ ಮೇಲೆ ಒಂದು ತಿಂಗಳು ವ್ಯಾಕ್ಸ್ ಬೇಡ, ಒಳಗಿನ ದ್ರಾವಕ ಹೊರಗೆ ಹೋಗಬೇಕು.

ನೀರಿನದ್ದೂ ಗಮನಿಸಿ. ತೋಟದ ಹಳ್ಳದ ನೀರಾದರೆ ತೊಂದರೆಯಿಲ್ಲ. ನಮ್ಮ ಹಾಸನ, ಅರಸೀಕೆರೆ ಕಡೆ ಬೋರ್‌ವೆಲ್ ನೀರಾದರೆ ಒಣಗೋಕೆ ಬಿಡದೆ ಒರೆಸಿ, ಬಿಳಿ ಕಲೆ ಕೂರುತ್ತೆ. ಕೂತಿದ್ದರೆ ಬಿಳಿ ವಿನೆಗರ್ ಮತ್ತು ನೀರು ಸಮಪಾಲು, ಬಟ್ಟೆಯಲ್ಲಿ ಒಂದು ನಿಮಿಷ ಇಟ್ಟು ತಕ್ಷಣ ತೊಳೆಯಿರಿ.

ಸಕಲೇಶಪುರ_1100:

ಪೇಂಟ್ ಕೆಲಸಕ್ಕಿಂತ ಶೆಡ್ಡಿನ ಕೆಲಸ ಮೊದಲು ಆಗಬೇಕು ಮಾರಾಯ್ರೆ. ಎಡಗಡೆ ಮಾತ್ರ ಪಾಚಿ ಬಂದಿರೋದು ಯಾಕೆ? ಬಯಲಿನ ಕಡೆಯಿಂದ ಮಳೆ ಎರಚಲು ಹೊಡೆಯುತ್ತೆ, ಸಿಲ್ವರ್ ಓಕ್ ನೆರಳಿಗೆ ಆ ಮಗ್ಗುಲು ಒಣಗೋದೇ ಇಲ್ಲ. ಅಲ್ಲಿ ಕೆಳಗೂ ಮೇಲೂ ಒಂದೊಂದಡಿ ಗಾಳಿಗೆ ಬಿಟ್ಟು ಶೀಟ್ ಮರೆ ಕಟ್ಟಿಸಿ. ಪೂರ್ತಿ ಮುಚ್ಚಿದರೆ ಒಳಗೆ ಬೂಷ್ಟು ಬರುತ್ತೆ.

ಟಾರ್ಪಾಲು, ಪ್ಲಾಸ್ಟಿಕ್ ಹೊದಿಕೆ ಬೇಡವೇ ಬೇಡ. ನೆಲದ ತೇವ ಒಳಗೇ ಬೆವರಿ ಪೇಂಟ್ ಮೇಲೆ ನಿಲ್ಲುತ್ತೆ, ಕೆಳಗೆ ಇಳಿದು ಗುಳ್ಳೆ ಎಬ್ಬಿಸುತ್ತೆ. ಗುಳ್ಳೆ ಎದ್ದ ಪೇಂಟ್‌ಗೆ ಯಾವ ಗ್ಲೇಜೂ ಇಲ್ಲ. ಒಗೆದ ಹತ್ತಿ ಬಟ್ಟೆಯ ಹೊದಿಕೆ ಸಾಕು, ಅದೂ ಗಾಡಿ ಪೂರ್ತಿ ಒಣಗಿದ್ದಾಗ, ಧೂಳಿಲ್ಲದಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊದಿಸದೇ ಇರೋದೇ ಲೇಸು. ಮಣ್ಣು ನೆಲವಾದರೆ ಗಾಡಿ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಪ್ಲಾಸ್ಟಿಕ್ ಅಲ್ಲಿ ಉಪಯೋಗಕ್ಕೆ ಬರುತ್ತೆ.

ಈಗ ಕೊಯ್ಲಿನ ಕಾಲ, ಹವೆ ಒಣಗಿದೆ, ಕೆಲಸಕ್ಕೆ ಇದೇ ಸಮಯ. ಆದರೆ ಕಣದಲ್ಲಿ ಕಾಫಿ ಕೆದಕೋ ಹೊತ್ತಿಗೆ ವ್ಯಾಕ್ಸ್ ಡಬ್ಬಿ ತೆರೀಬೇಡಿ. ಧೂಳು ಕೂತರೆ ಒಣ ಬಟ್ಟೆಯಲ್ಲಿ ಒರೆಸಬೇಡಿ, ನೀರು ಬಿಟ್ಟೇ ತೆಗೀರಿ.

ವಿಂಟೇಜ್ ನೋಂದಣಿಗೆ 2021ರ ಕೇಂದ್ರದ ನಿಯಮ ಇದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಸಂಖ್ಯೆಯಲ್ಲಿ ವಿಎ ಅಂತ ಬರುತ್ತೆ. ಪಾಲಿಶ್, ಅದೇ ಬಣ್ಣದ ಟಚ್‌ಅಪ್ ಯಾವುದೂ ಅಡ್ಡಿಯಲ್ಲ. ಆದರೆ ವಿಎ ಆದಮೇಲೆ ದಿನಬಳಕೆಗೆ ರಸ್ತೆಗೆ ಇಳಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್‌ಗೆ ಮಾತ್ರ. ಮೂಡಿಗೆರೆ ಪೇಟೆಗೆ ಓಡಿಸೋ ಆಸೆ ಇದ್ದರೆ ಯೋಚಿಸಿ ಹಾಕಿ.

ಮೂಡಿಗೆರೆ_ಮಾರ್ಕ್2:

ಎಲ್ಲರಿಗೂ ಧನ್ಯವಾದ. ಗೇಜ್ ಸಿಕ್ಕಿತು. ಟಾಪ್ 85ರಿಂದ 95, ಬಾನೆಟ್ ನಡುವೆ 90, ಏಣಿನಲ್ಲಿ 62. ಬಾಗಿಲುಗಳು 120ರ ಆಸುಪಾಸು. ಬಲಗಡೆ ಮುಂದಿನ ಮಡ್‌ಗಾರ್ಡ್ ಮಾತ್ರ 310. ಟಾಪ್‌ಗೆ ಮಿಷನ್ ಹಾಕಬಹುದಾ? ಪೇಂಟ್‌ಗೆ ಅಂಟಿದ ಕೊಳೆ ಎತ್ತೋ ಜೇಡಿಮಣ್ಣಿನಂಥ ಕ್ಲೇ ಬಾರ್ ಬೇಕಾ?

ಚಿಕ್ಕಮಗಳೂರು_ಕಾರ್ನೌಬಾ:

ಬಲಗಡೆ ಮಡ್‌ಗಾರ್ಡ್ ಯಾವಾಗಲೋ ಹೊಡೆದದ್ದು, ಮೊದಲ ಪರೀಕ್ಷೆ ಡಿಕ್ಕಿ ಬಿಟ್ಟು ಅಲ್ಲೇ ಮಾಡಿ. ಆದರೆ ಬಣ್ಣ ಬೇರೆ ಥರ ವರ್ತಿಸಬಹುದು, ಅಲ್ಲಿ ಬಂದ ಫಲಿತಾಂಶವನ್ನು ಟಾಪ್‌ಗೆ ಲೆಕ್ಕ ಹಾಕಬೇಡಿ. ಟಾಪ್‌ಗೆ ಎರಡು ಸಲ ಗ್ಲೇಜ್, ಆಮೇಲೆ ಕೈಯಲ್ಲೇ ಫಿನಿಶಿಂಗ್ ಪಾಲಿಶ್, ಮಿಷನ್ ಬೇಡ. ಬಾಗಿಲುಗಳಿಗೆ ಡಿಎ ಹಾಕಿ. ಬಾನೆಟ್ ನಡುವೆ ಡಿಎ ಎರಡೇ ಸುತ್ತು, 62 ಬಂದ ಏಣಿಗೆ ಟೇಪ್, ಅಲ್ಲಿ ಗ್ಲೇಜ್ ಮತ್ತು ವ್ಯಾಕ್ಸ್ ಬಿಟ್ಟು ಬೇರೇನೂ ಬೇಡ. ಕ್ಲೇ ಬಾರ್ ಪುಡಿ ಬಿಡೋ ಟಾಪ್ ಮೇಲೆ ದಂಡ, ಒಂದು ಎಳೆತಕ್ಕೆ ನೀಲಿ ತುಂಬಿಕೊಳ್ಳುತ್ತೆ. ಬಾಗಿಲುಗಳ ಮೇಲೆ ತೊಳೆದ ಮೇಲೂ ಕೈಗೆ ಒರಟು ಸಿಕ್ಕರೆ ಮೆತ್ತನೆ ಕ್ಲೇ, ಶಾಂಪೂ ನೀರು ಧಾರಾಳವಾಗಿ ಹಾಕಿಕೊಂಡು, ಒತ್ತದೆ. ವ್ಯಾಕ್ಸ್ ಹಚ್ಚೋ ಮೊದಲು ಬೀಡಿಂಗ್‌ಗೆ ಟೇಪ್ ಮರೀಬೇಡಿ, ರಬ್ಬರ್ ಬಿರುಕಿನಲ್ಲಿ ಕೂತ ವ್ಯಾಕ್ಸ್ ಬೆಳ್ಳಗಾಗಿ ನಿಲ್ಲುತ್ತೆ. ಮುಂದಿನ ಕೋಟ್ ಮೇ ತಿಂಗಳ ಕೊನೆಗೆ, ಆಮೇಲೆ ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ. ಆಗ ಪಾಲಿಶ್ ಮುಟ್ಟಬೇಡಿ, ತೊಳೆದು ಬರೀ ವ್ಯಾಕ್ಸ್.