ಬ್ರೇಕ್ ಮುಟ್ಟದಿರೋಕೂ ಫೀಸು

ಭಾನುವಾರ ಬೆಳಿಗ್ಗೆ ಏಳೂವರೆ, ಗಾಂಧಿಬಜಾರಿನ ಒಂದು ದರ್ಶಿನಿ. ನಿಂತು ತಿನ್ನೋ ಮೇಜಿನ ಸುತ್ತ ನಾಲ್ಕು ಜನ, ಎರಡು ಬೈ-ಟೂ ಕಾಫಿ, ಒಂದು ಪ್ಲೇಟ್ ಖಾರಾಬಾತ್. ಶೀನಿ ಮುಂದಿನ ಶನಿವಾರ ತನ್ನ ಪಲ್ಸರ್ ಎನ್‌ಎಸ್ 200 ಜೊತೆ ಟ್ರ್ಯಾಕ್ ತರಬೇತಿಗೆ ಹೊರಟವನು. ಬಾಬಣ್ಣನದು ಗ್ಯಾರೇಜು. ಪದ್ದಿ ಟ್ರ್ಯಾಕಿನಲ್ಲಿ ಹೊಸಬರಿಗೆ ಹೇಳಿಕೊಡುವವಳು. ರಾಮಣ್ಣನವರು ರಿಟೈರಾದವರು, ನಮ್ಮ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಒಂದನ್ನು ಬಿಟ್ಟು ಮಿಕ್ಕ ಬೈಕುಗಳನ್ನೆಲ್ಲ ಹೊಲಿಗೆ ಮಷೀನು ಅಂತಾರೆ.

"ಅಲ್ಲಯ್ಯಾ, ಮುನ್ನೂರು ಕಿಲೋಮೀಟರ್ ಹೋಗಿ ಒಂದೇ ಜಾಗ ಸುತ್ತೋದಕ್ಕೆ ದುಡ್ಡು ಬೇರೆ ಕೊಡ್ತೀಯಾ? ದೊಡ್ಡಬಸವಣ್ಣನ ಗುಡಿಗೆ ಹೋಗು, ಪ್ರದಕ್ಷಿಣೆ ಪುಕ್ಕಟೆ," ಅಂದರು ರಾಮಣ್ಣ.

"ಟ್ರ್ಯಾಕಲ್ಲೂ ಪ್ರದಕ್ಷಿಣೆಯೇ ರಾಮಣ್ಣ, ದಿಕ್ಕೂ ಅದೇ," ಅಂದಳು ಪದ್ದಿ. "ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈ. ಎಂಎಂಆರ್‌ಟಿ, ಅಂದ್ರೆ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್, ಅಂತಿದ್ರಲ್ಲ, ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಒಂದು ಸುತ್ತಿಗೆ 3.717 ಕಿಲೋಮೀಟರ್, ಹನ್ನೆರಡು ತಿರುವು. ನಂದಿ ಬೆಟ್ಟದಲ್ಲಿ ಒಂದು ತಿರುವು ಎಡವಟ್ಟಾದ್ರೆ ತಿದ್ದಿಕೊಳ್ಳೋಕೆ ಮುಂದಿನ ಭಾನುವಾರದ ತನಕ ಕಾಯ್ಬೇಕು. ಅಷ್ಟರಲ್ಲಿ ಅಲ್ಲಿಗೆ ಜಲ್ಲಿ ಬಂದಿರುತ್ತೆ, ನಾಯಿ ಬಂದಿರುತ್ತೆ, ಎದುರಿಂದ ಟೆಂಪೋ ಟ್ರಾವೆಲರ್ ಬಂದಿರುತ್ತೆ. ಇಲ್ಲಿ ಅದೇ ತಿರುವು ಮೂರು ನಿಮಿಷಕ್ಕೆ ವಾಪಸ್ ಬರುತ್ತೆ, ಇದ್ದ ಹಾಗೇ."

"ನಾನಂತೂ ರೆಡಿ," ಅಂದ ಶೀನಿ. "ಶುಕ್ರವಾರ ಹೊಸ ಟೈರ್ ಹಾಕಿಸ್ತೀನಿ. ಶನಿವಾರ ಬೆಳಿಗ್ಗೆ ಚೈನಿಗೆ ಚೆನ್ನಾಗಿ ಲೂಬ್ ಹೊಡೆದು..."

ಬಾಬಣ್ಣ ಚಮಚ ಕೆಳಗಿಟ್ಟ. "ಎರಡು ವಾಕ್ಯ, ಎರಡು ಸಲ ಬಿದ್ದೆ."

"ಯಾಕೆ?"

"ಹೊಸ ಟೈರಿನ ಮೈ ನುಣುಪು. ಅದು ಸವೆದು ಒರಟಾಗೋಕೆ ರೋಡಲ್ಲಿ ನೂರು ನೂರೈವತ್ತು ಕಿಲೋಮೀಟರ್ ನಿಧಾನಕ್ಕೆ ಓಡ್ಬೇಕು. ಅರ್ಧ ಸವೆದ ಒಳ್ಳೆ ಟೈರೇ ಸಾಕು, ಈ ವಾರವೇ ಬದಲಾಯಿಸೋದಾದ್ರೆ ನಾಳೆ ಬದಲಾಯಿಸು. ಇನ್ನು ಲೂಬು. ಆಗ ತಾನೇ ಹೊಡೆದದ್ದು ಚೈನಿಂದ ಚಿಮ್ಮಿ ಹಿಂದಿನ ಟೈರಿನ ಅಂಚಿಗೆ ಕೂರುತ್ತೆ. ನೆಟ್ಟಗೆ ಹೋಗುವಾಗ ಗೊತ್ತಾಗಲ್ಲ. ವಾಲಿಸಿದಾಗ ಆ ಅಂಚೇ ನಿನ್ನ ಆಧಾರ. ಹಿಂದಿನ ರಾತ್ರಿ ಹೊಡಿ, ಬಟ್ಟೇಲಿ ಒರೆಸು, ಬಿಡು. ಚೈನ್ ಸಡಿಲ ಮೂರು ಸೆಂಟಿಮೀಟರ್ ಆಸುಪಾಸು ಇರಲಿ. ಬಿಗಿ ಮಾಡಿ ಶೋಕಿ ಮಾಡ್ಬೇಡ, ಸಸ್ಪೆನ್ಷನ್ ಕುಗ್ಗಿದಾಗ ಚೈನ್ ಎಳೀತದೆ."

"ಮತ್ತೆ ಬಿಚ್ಚೋದು ಏನೇನು?"

"ಅದು ದೊಡ್ಡ ಕಥೆ. ತಿರುಪತಿಗೆ ಹೋಗೋ ಮುಂಚೆ ಮನೇಲೇ ಮುಡಿ ಕೊಟ್ಟ ಹಾಗೆ. ಮಿರರ್ ತೆಗಿ. ನಂಬರ್ ಪ್ಲೇಟ್ ತೆಗಿ, ಬಿದ್ದಾಗ ಅದು ಬ್ಲೇಡು. ಲೆಗ್ ಗಾರ್ಡ್ ಇದ್ರೆ ತೆಗಿ, ವಾಲಿಸಿದಾಗ ಮೊದಲು ನೆಲ ಮುಟ್ಟೋದು ಅದೇ; ಗಟ್ಟಿ ಕಬ್ಬಿಣ ಮುಟ್ಟಿದ್ರೆ ಟೈರಿನ ಮೇಲಿನ ಭಾರ ಕಬ್ಬಿಣಕ್ಕೆ ಹೋಯ್ತು, ಟೈರ್ ಜಾರಿತು. ಸೀರೆ ಗಾರ್ಡ್ ತೆಗಿ."

"ಅಲ್ಲಿ ಸೀರೆ ಉಟ್ಟೋರು ಹಿಂದೆ ಕೂರಲ್ಲ ಅಂತಲೋ?" ಅಂದರು ರಾಮಣ್ಣ.

"ಬಿದ್ದಾಗ ನೆಲಕ್ಕೆ ಕಚ್ಚಿಕೊಂಡು ಗಾಡಿನ ಪಲ್ಟಿ ಹೊಡೆಸುತ್ತೆ ಅಂತ. ಸುಮ್ಮನೆ ಜಾರಿ ಹೋಗೋ ಗಾಡಿಗೆ ಖರ್ಚು ಕಡಿಮೆ, ಪಲ್ಟಿ ಹೊಡೆದದ್ದಕ್ಕೆ ಹ್ಯಾಂಡಲ್‌ನಿಂದ ಟೈಲ್ ತನಕ ಖರ್ಚು. ಆಮೇಲೆ ಹೆಡ್‌ಲೈಟು, ಟೈಲ್‌ಲೈಟು, ಇಂಡಿಕೇಟರಿಗೆ ಟೇಪು. ಗಾಜು, ಪ್ಲಾಸ್ಟಿಕ್ಕು ಟ್ರ್ಯಾಕ್ ತುಂಬ ಚೆಲ್ಲಬಾರದು."

"ಟೇಪ್ ಹಚ್ಚೋದು ನಂಗೂ ಬರುತ್ತೆ ಬಾಬಣ್ಣ."

"ಬರುತ್ತೆ. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಿಗೆ ಹೆಡ್‌ಲೈಟ್ ಆಫ್ ಮಾಡೋ ಸ್ವಿಚ್ಚೇ ಇಲ್ಲ, ಅದು ಗೊತ್ತಾ? ಬಲ್ಬ್ ಉರೀತಾನೇ ಇರುತ್ತೆ, ಟೇಪಿನ ಅಂಟು ಕರಗಿ ಗಾಜಿಗೆ ಅಂಟಿದ ಹಲಸಿನ ಮೇಣ ಆಗುತ್ತೆ. ಹಿಂದಿನ ಕನೆಕ್ಟರ್ ಎಳೆದುಬಿಡು. ಬ್ರೇಕ್ ಲೈಟಿಂದೂ ಬಿಚ್ಚು."

"ಬ್ರೇಕ್ ಲೈಟ್ ಯಾಕೆ?"

"ಮುಂದಿನವನ ಲೈಟು ಹತ್ತಿದ ತಕ್ಷಣ ಹಿಂದಿನವನ ಕೈ ತಾನಾಗಿ ಬ್ರೇಕಿಗೆ ಹೋಗುತ್ತೆ," ಅಂದಳು ಪದ್ದಿ. "ಸಿಲ್ಕ್ ಬೋರ್ಡಲ್ಲಿ ಅದು ಜೀವ ಉಳಿಸೋ ಅಭ್ಯಾಸ. ಇಲ್ಲಿ ಪ್ರತಿಯೊಬ್ಬನೂ ಟ್ರ್ಯಾಕ್ ಪಕ್ಕ ತಾನು ಇಟ್ಕೊಂಡ ಗುರುತು ನೋಡಿಕೊಂಡು ಬ್ರೇಕ್ ಹಿಡೀಬೇಕು, ಮುಂದಿನವನ ಭಯ ನೋಡಿಕೊಂಡಲ್ಲ."

ಬಾಬಣ್ಣ ಬ್ರೇಕ್ ಆಯಿಲಿಗೆ ಬಂದ. ಅವನ ಪ್ರಕಾರ ಟ್ರ್ಯಾಕಿಗೆ ಹೋಗುವವರು ಸೈಲೆನ್ಸರಿಗೆ ಹದಿನೈದು ಸಾವಿರ ಹಾಕ್ತಾರೆ, ಇದಕ್ಕೆ ಮುನ್ನೂರು ರೂಪಾಯಿ ಹಾಕಲ್ಲ. "ಡಾಟ್ 4 ಅನ್ನೋ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿ ತನಕ ಕುದಿಯಲ್ಲ. ಆದರೆ ಅದು ಗಾಳಿಯಲ್ಲಿರೋ ನೀರನ್ನ ಹೀರ್ತಾ ಕೂರುತ್ತೆ, ಉಪ್ಪಿನ ಭರಣಿ ಹಾಗೆ. ನೀರು ಸೇರಿದ ಮೇಲೆ 155ಕ್ಕೇ ಕುದಿಯಬಹುದು. ಊರೊಳಗೆ ಓಡಿಸಿದ್ರೆ ಅಷ್ಟು ಬಿಸಿ ಏರಲ್ಲ, ಹಾಗಾಗಿ ಎರಡು ವರ್ಷದ ಕಂದು ಬಣ್ಣದ ಆಯಿಲೂ ಸುಮ್ಮನಿರುತ್ತೆ. ಟ್ರ್ಯಾಕಲ್ಲಿ ಸುತ್ತು ಸುತ್ತಿಗೂ ಜೋರಾಗಿ ಹಿಡಿದಾಗ ಒಳಗೆ ಗುಳ್ಳೆ. ಲಿವರ್ ಸ್ಪಂಜಿನ ಹಾಗೆ ಒಳಗೆ ಹೋಗಿ ಹ್ಯಾಂಡಲ್‌ಗೆ ತಾಗುತ್ತೆ, ಗಾಡಿ ಮಾತ್ರ ನಿಲ್ಲಲ್ಲ. ಪ್ಯಾಡ್ ಅರ್ಧಕ್ಕಿಂತ ಸವೆದಿದ್ರೆ ಅದನ್ನೂ ಬದಲಾಯಿಸು."

"ನಿನ್ನದು ನೀರಿಂದ ತಣ್ಣಗಾಗೋ ಇಂಜಿನ್ ಬೇರೆ," ಅಂತ ಮುಂದುವರಿಸಿದ. "ಕೂಲೆಂಟಲ್ಲಿ ಗ್ಲೈಕಾಲ್ ಇರುತ್ತೆ, ಚೆಲ್ಲಿದ್ರೆ ಬೇಗ ಒಣಗಲ್ಲ, ಬಾಳೆಹಣ್ಣಿನ ಸಿಪ್ಪೆ ಹಾಸಿದ ಹಾಗೆ. ಅದನ್ನ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕಿ ಅಂತ ಕೆಲವರು ಕೇಳ್ತಾರೆ, ಮೊದಲೇ ವಿಚಾರಿಸು. ವಾಪಸ್ ಬಂದ ಮೇಲೆ ಮತ್ತೆ ಕೂಲೆಂಟ್ ತುಂಬಿಸೋದು ಮರೀಬೇಡ, ಬರೀ ನೀರಿಗೆ ರೇಡಿಯೇಟರ್ ತುಕ್ಕು ಹಿಡಿಯುತ್ತೆ."

"ಟೈರಲ್ಲಿ ಗಾಳಿ ಎಷ್ಟು?"

"ರೋಡಿಗೆ ಹಾಕೋದಕ್ಕಿಂತ ಎರಡು ಮೂರು ಪಿಎಸ್‌ಐ ಕಮ್ಮಿಯಿಂದ ಶುರು ಮಾಡು, ಟೈರ್ ತಣ್ಣಗಿದ್ದಾಗ. ಬಿಸಿಯಾದ್ರೆ ತಾನೇ ಏರುತ್ತೆ. ಸೆಷನ್ ಮುಗಿಸಿ ಬಂದ ತಕ್ಷಣ ಇನ್ನೊಮ್ಮೆ ನೋಡಿ ಬರೆದಿಡು. ನಿಂದೇ ಒಂದು ಗೇಜ್ ಇಟ್ಕೋ. ಬಂಕಿನ ಮೀಟರು ಜಾತಕ ಇದ್ದ ಹಾಗೆ, ಒಂದೊಂದು ಕಡೆ ಒಂದೊಂದು ಹೇಳುತ್ತೆ."

ರಾಮಣ್ಣನಿಗೆ ಬಟ್ಟೆಯ ಚಿಂತೆ. "ಪೂರಾ ಚರ್ಮದ ಸೂಟಂತೆ. ಮದ್ರಾಸಿನ ಬಿಸಿಲಲ್ಲಿ. ಬೇಯಿಸಿದ ಕಡಲೆಕಾಯಿ ಆಗ್ತಾನಲ್ಲೋ ಹುಡುಗ."

"ಆಗ್ತಾನೆ," ಪದ್ದಿ ಒಪ್ಪಿಕೊಂಡಳು. "ಆದರೆ ಡಾಂಬರಿಗೆ ಉಜ್ಜಿದಾಗ ಜೀನ್ಸ್ ಕಣ್ಣು ಮಿಟುಕಿಸೋದ್ರೊಳಗೆ ಹರಿಯುತ್ತೆ, ಚರ್ಮ ತಡೆಯುತ್ತೆ. ನಮ್ಮ ಚರ್ಮ ಅಲ್ಲ, ಸೂಟಿನ ಚರ್ಮ. ಬಾಡಿಗೆಗೂ ಸಿಗುತ್ತೆ, ಮದುವೆ ಗಂಡಿನ ಶೇರ್ವಾನಿ ಹಾಗೆ. ಆದರೆ ಅಳತೆ ನೋಡೋದು ಕನ್ನಡಿ ಮುಂದೆ ನಿಂತಲ್ಲ, ಗಾಡಿ ಮೇಲೆ ಬಗ್ಗಿ ಕೂತು. ನಿಂತಾಗ ಬೆನ್ನು ಎಳೆದು ಗೂನು ಮಾಡಿಸಿ, ಕೂತಾಗ ಹಾಯಾಗಿದ್ರೆ ಅದೇ ಸರಿಯಾದ ಸೈಜು. ಎರಡು ಪೀಸಿನದಾದ್ರೆ ಸೊಂಟದ ಸುತ್ತ ಪೂರ್ತಿ ಜಿಪ್ ಸೇರ್ಬೇಕು, ಬರೀ ಬೆನ್ನ ಹಿಂದೆ ಒಂದು ಗೇಣು ಸೇರಿದ್ರೆ ಸಾಲದು. ಒಳಗೆ ಹತ್ತಿ ಬನಿಯನ್ ಬೇಡ, ಬೆವರಿಗೆ ಅಂಟಿಕೊಂಡು ಸೂಟ್ ಏರೋದೂ ಇಲ್ಲ, ಇಳಿಯೋದೂ ಇಲ್ಲ. ಮೈಗೆ ಬಿಗಿಯಾಗಿ ಕೂರೋ ಸಿಂಥೆಟಿಕ್ ಟೀ ಶರ್ಟು, ಲೆಗ್ಗಿಂಗ್ಸ್ ಹಾಕು. ಗ್ಲೌಸ್ ಮಣಿಕಟ್ಟು ದಾಟಿ ತೋಳಿನ ಮೇಲೆ ಬರ್ಬೇಕು. ಬೂಟು ಹರಡಿನ ಮೂಳೆ ಮುಚ್ಚಬೇಕು, ಲೇಸ್ ಹೊರಗಿರಬಾರದು, ಗೇರ್ ಲಿವರಿಗೆ ಸುತ್ತಿಕೊಳ್ಳುತ್ತೆ. ಫುಲ್ ಫೇಸ್ ಹೆಲ್ಮೆಟ್ಟು, ಡಬಲ್ ಡಿ ರಿಂಗ್ ಪಟ್ಟಿ ಇದ್ರೆ ಒಳ್ಳೆಯದು. ಬೆನ್ನಿಗೆ ಬ್ಯಾಕ್ ಪ್ರೊಟೆಕ್ಟರ್."

"ಅಷ್ಟೆಲ್ಲ ಹಾಕ್ಕೊಂಡು ಮೊದಲು ಏನು ಮಾಡಿಸ್ತಾರೆ?" ಕೇಳಿದ ಶೀನಿ, ಕಣ್ಣಲ್ಲಿ ಆಗಲೇ ಮೊಣಕಾಲು ನೆಲಕ್ಕೆ ಉಜ್ಜುತ್ತಿತ್ತು.

"ಕೂರಿಸ್ತಾರೆ. ಬಾವುಟದ ಪಾಠ. ಹಳದಿ ಕಂಡ್ರೆ ಮುಂದೆ ಅಪಾಯ, ಓವರ್‌ಟೇಕ್ ಇಲ್ಲ. ಕೆಂಪು ಬಂದ್ರೆ ಸೆಷನ್ ನಿಂತಿದೆ, ಗಕ್ಕನೆ ಬ್ರೇಕ್ ಹಾಕದೆ ನಿಧಾನಕ್ಕೆ ಗಾಡಿ ನಿಲ್ಲಿಸೋ ಜಾಗಕ್ಕೆ, ಅಂದ್ರೆ ಪಿಟ್‌ಗೆ ಬಾ. ಹಳದಿ ಮೇಲೆ ಕೆಂಪು ಪಟ್ಟಿ ಇದ್ರೆ ಎಣ್ಣೆಯೋ ನೀರೋ ಚೆಲ್ಲಿದೆ, ಜಾರುತ್ತೆ. ಕಪ್ಪು ಬಾವುಟ ನಿನ್ನ ಕಡೆ ತೋರಿಸಿದ್ರೆ ನಿಂದೇ ಏನೋ ಎಡವಟ್ಟು, ಒಳಗೆ ಬಾ. ಚೌಕಳಿ ಅಂದ್ರೆ ಅವಧಿ ಮುಗೀತು, ನೀನು ಗೆದ್ದೆ ಅಂತಲ್ಲ, ಎರಡೂ ಕೈ ಎತ್ತಬೇಡ."

"ಆಮೇಲೆ ಫುಲ್ ಸ್ಪೀಡು?"

"ಆಮೇಲೆ ಒಂದೇ ಗೇರು, ಬ್ರೇಕ್ ಮುಟ್ಟೋ ಹಾಗಿಲ್ಲ."

ಶೀನಿಯ ಖಾರಾಬಾತ್ ಗಂಟಲಲ್ಲಿ ನಿಂತಿತು. "ದುಡ್ಡು ಕೊಟ್ಟು?"

"ಆ ತರಬೇತಿಯನ್ನ ನಾನು ಪುಕ್ಕಟೆ ತಗೊಂಡಿದೀನಿ," ಅಂದರು ರಾಮಣ್ಣ.

"ನೀವು ಬ್ರೇಕ್ ಶೂ ಬದಲಾಯಿಸದೆ ತಗೊಂಡದ್ದು ರಾಮಣ್ಣ, ಅದಕ್ಕೆ ಸರ್ಟಿಫಿಕೇಟ್ ಇಲ್ಲ," ಅಂದ ಬಾಬಣ್ಣ.

ಪದ್ದಿ ಕೈ ಒರೆಸಿಕೊಂಡಳು. "ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲು ಈ ಟ್ರ್ಯಾಕಿಗೂ ಬಂದಿದೆ. ಅವರ ಮೊದಲ ಹಂತದಲ್ಲಿ ಇದೇ ಪಾಠ. ಯಾಕೆ ಹೇಳು? ಬ್ರೇಕ್ ಇದ್ರೆ ನೀನು ತಿರುವಿನ ತನಕ ನುಗ್ಗಿ, ಕಡೇ ಗಳಿಗೇಲಿ ಹೆದರಿ ಹಿಡೀತೀಯ. ಬ್ರೇಕ್ ಇಲ್ಲ ಅಂದ್ರೆ ಈ ತಿರುವಿಗೆ ಎಷ್ಟು ವೇಗ ಸಾಕು ಅಂತ ಮೊದಲೇ ಯೋಚಿಸ್ಬೇಕು. ಬೇಗ ಥ್ರಾಟಲ್ ಬಿಡ್ತೀಯ, ಸಮಾಧಾನವಾಗಿ ಒಳಗೆ ಹೋಗ್ತೀಯ. ಆಗ ತಲೆಗೆ ಥ್ರಾಟಲ್ ಕಡೆ ನೋಡೋ ಬಿಡುವು ಸಿಗುತ್ತೆ. ತಿರುಗಿಸಿ ಆದ ಮೇಲೆ ಥ್ರಾಟಲ್ ಸ್ವಲ್ಪ ತೆರೆದು, ಹೊರಗೆ ಬರೋ ತನಕ ಸ್ವಲ್ಪಸ್ವಲ್ಪವೇ ತೆರೀತಾ ಹೋಗ್ಬೇಕು. ಮಧ್ಯೆ ಮುಚ್ಚೋ ಹಾಗಿಲ್ಲ."

"ಹೆದರಿಕೆ ಆದ್ರೂ?"

"ಹೆದರಿಕೆ ಆದಾಗ್ಲೇ ಮುಚ್ಚಬಾರದು. ಬಾ, ತೋರಿಸ್ತೀನಿ." ಕಾಫಿ ಲೋಟವನ್ನು ಮೇಜಿನ ಮೇಲೆ ಸರ್ರನೆ ಜಾರಿಸಿ ಗಕ್ಕನೆ ನಿಲ್ಲಿಸಿದಳು. ಕಾಫಿ ಮುಂದಿನ ಅಂಚು ಹಾರಿ ರಾಮಣ್ಣನ ಪೇಪರಿನ ಮೇಲೆ ಬಿತ್ತು. "ಥ್ರಾಟಲ್ ಮುಚ್ಚಿದಾಗ ಆಗೋದು ಇದು. ಭಾರವೆಲ್ಲ ಮುಂದಕ್ಕೆ. ಮುಂದಿನ ಚಕ್ರ ಹಿಡಿದಿರೋ ಫೋರ್ಕ್ ಕುಗ್ಗುತ್ತೆ, ಗಾಡಿ ಕೆಳಗಿಳಿದು ಫುಟ್‌ಪೆಗ್ ನೆಲಕ್ಕೆ ಹತ್ತಿರವಾಗುತ್ತೆ, ತಿರುವಲ್ಲಿ ಆಗಲೇ ದುಡೀತಿರೋ ಮುಂದಿನ ಟೈರಿಗೆ ಇನ್ನೊಂದು ಮೂಟೆ. ನಿನ್ನ ಗಾಡಿದು ಮುಂದೆ 100 ಮಿಲಿಮೀಟರ್ ಅಗಲದ ಟೈರು, ಹಿಂದೆ 130. ಭಾರ ಹೊರೋಕೆ ಅಂತ ದೊಡ್ಡವನನ್ನ ಹಿಂದೆ ಇಟ್ಟಿದಾರೆ. ನೂರಕ್ಕೆ ಅರವತ್ತು ಪಾಲು ಅವನಿಗೆ, ನಲವತ್ತು ಮುಂದಿನವನಿಗೆ ಹೋದ್ರೆ ಗಾಡಿ ಹಳಿ ಮೇಲಿದ್ದ ಹಾಗೆ ಹೋಗುತ್ತೆ. ಆ ಹಂಚಿಕೆ ಮಾಡೋದು ನಿನ್ನ ಬಲ ಮಣಿಕಟ್ಟು."

ಮತ್ತೆ ಲೋಟ ತಗೊಂಡು ಈ ಸಲ ನಿಧಾನವಾಗಿ ಜಾರಿಸಿ, ಮೆತ್ತಗೆ ಶುರು ಮಾಡಿ ಗಟ್ಟಿಯಾಗಿ ನಿಲ್ಲಿಸಿದಳು. ಒಂದು ತೊಟ್ಟೂ ಚೆಲ್ಲಲಿಲ್ಲ. "ಬ್ರೇಕ್ ಕೈಗೆ ಕೊಟ್ಟ ಮೇಲೆ ಹೀಗೆ. ಮೊದಲು ಮುಟ್ಟು, ಭಾರ ಮುಂದೆ ಕೂರಲಿ, ಆಮೇಲೆ ಹಿಂಡು. ಒಂದೇ ಏಟಿಗೆ ಹಿಡಿದ್ರೆ ಟೈರಿನ ಮೇಲೆ ಭಾರ ಕೂರೋ ಮುಂಚೆ ಚಕ್ರ ಲಾಕು."

"ನನ್ನ ಪೇಪರ್," ಅಂದರು ರಾಮಣ್ಣ.

"ತಿರುಗಿಸೋದು ಹೇಗೆ ಅಂತ ಕೇಳೋ ಶೀನಿ."

"ಅದೇನು, ಮೈ ವಾಲಿಸಿದ್ರೆ ಆಯ್ತು."

"ಮೈ ವಾಲಿಸಿದ್ರೆ ಗಾಡಿ ನಾಳೆ ತಿರುಗುತ್ತೆ. ಬಲಕ್ಕೆ ಹೋಗ್ಬೇಕಾದ್ರೆ ಬಲಗಡೆ ಹ್ಯಾಂಡಲನ್ನ ಮುಂದಕ್ಕೆ ತಳ್ಳು. ಉಲ್ಟಾ ಅನ್ಸುತ್ತೆ, ಆದರೆ ವೇಗದಲ್ಲಿ ಗಾಡಿ ವಾಲೋದೇ ಹಾಗೆ. ತಳ್ಳಿದೆ, ವಾಲಿತು, ಕೈ ಸಡಿಲ ಬಿಡು. ಆಮೇಲೆ ಹ್ಯಾಂಡಲ್ ಹಿಡ್ಕೊಂಡು ನೇತಾಡಬಾರದು, ಹೊರಗಡೆ ಮೊಣಕಾಲನ್ನ ಟ್ಯಾಂಕಿಗೆ ಒತ್ತಿ ಅದರ ಮೇಲೆ ನಿನ್ನ ಭಾರ ಹಾಕು. ಪಾದದ ಮುಂಭಾಗ ಪೆಗ್ ಮೇಲೆ, ಹಿಮ್ಮಡಿ ಅಲ್ಲ. ಮೊಣಕಾಲು ನೆಲಕ್ಕೆ ಉಜ್ಜೋದು ಫೋಟೋಗೆ. ಮೊದಲ ದಿನ ಅದರ ಹಿಂದೆ ಹೋದೋರು ಕುಂಡೆ ಮಾತ್ರ ಹೊರಗೆ ಹಾಕಿ, ತಲೇನ ಗಾಡಿಯ ಆ ಕಡೆ ಬಿಟ್ಟು, ತಕ್ಕಡಿ ಹಾಗೆ ಕೂತಿರ್ತಾರೆ."

"ಎಲ್ಲಿ ನೋಡೋದು?"

"ಟೈರಿನ ಮುಂದೆ ಅಲ್ಲ. ತಿರುವಿನ ಒಳ ಅಂಚು ಸಿಗೋ ಜಾಗ ನೋಡು, ಅಲ್ಲಿ ಮುಟ್ಟೋ ಮುಂಚೆ ಕಣ್ಣು ಹೊರದಾರಿಗೆ ಹೋಗಿರ್ಬೇಕು. ಹೊರಗೆ ಹುಲ್ಲು ನೋಡಿದ್ರೆ ಗಾಡಿ ಹುಲ್ಲಿಗೇ ಹೋಗುತ್ತೆ, ಹಸು ಹಾಗೆ. ಬೇಗ ತಿರುಗಿಸೋ ಆಸೆ ಬೇಡ. ಬೇಗ ತಿರುಗಿಸಿದ್ರೆ ಒಳ ಅಂಚು ಬೇಗ ಸಿಗುತ್ತೆ, ಹೊರಗೆ ಬರುವಾಗ ರಸ್ತೆ ಸಾಲಲ್ಲ."

"ಮುಂದಿನವನನ್ನ ದಾಟೋವಾಗ?"

"ಆರಡಿ ಜಾಗ ಬಿಟ್ಟು."

"ಮನುಷ್ಯನಿಗೆ ಕಡೆಗೆ ಬೇಕಾಗಿರೋದೂ ಅದೇ, ಆರಡಿ ಮೂರಡಿ," ಅಂದರು ರಾಮಣ್ಣ. ಯಾರೂ ನಗಲಿಲ್ಲ.

"ಅಪಶಕುನ ನುಡೀಬೇಡಿ ಅಂತ ಹೇಳಲ್ಲ, ಬೀಳೋದನ್ನೂ ಹೇಳ್ಬೇಕು," ಅಂದಳು ಪದ್ದಿ. "ಹೊಸಬರು ಹೆಚ್ಚಾಗಿ ಬೀಳೋದು ಲೋ ಸೈಡು. ಟೈರು ಜಾರಿ ಗಾಡಿ ಪಕ್ಕಕ್ಕೆ ಮಲಗುತ್ತೆ, ನೀನೂ ಜಾರ್ತೀಯ. ಗಾಡಿ ಬಿಟ್ಟುಬಿಡು. ಪೂರ್ತಿ ನಿಂತ ಮೇಲೆ ಏಳು. ನಿಂತೆ ಅನ್ಸಿದ ಮೇಲೂ ಒಂದೆರಡು ಎಣಿಸು, ಎಷ್ಟೋ ಜನ ಇನ್ನೂ ಜಾರ್ತಿರುವಾಗ್ಲೇ ಏಳೋಕೆ ಹೋಗಿ ಮಣಿಕಟ್ಟು ಮುರ್ಕೋತಾರೆ. ಹೈ ಸೈಡ್ ಕೆಟ್ಟದ್ದು. ಹಿಂದಿನ ಟೈರು ಜಾರಿದಾಗ ಗಾಬರೀಲಿ ಥ್ರಾಟಲ್ ಪಟ್ಟಂತ ಮುಚ್ಚಿದ್ರೆ ಟೈರಿಗೆ ಒಮ್ಮೆಲೇ ಹಿಡಿತ ಸಿಕ್ಕಿ ಗಾಡಿ ಕವಣೆ ಆಗುತ್ತೆ. ಕವಣೆ ಕಲ್ಲು ಯಾರು ಅಂತ ಹೇಳ್ಬೇಕಾ?"

"ಗಾಡಿ ಹೋದ್ರೆ ಇನ್ಶೂರೆನ್ಸ್ ಇದೆ," ಅಂದ ಶೀನಿ.

"ಪಾಲಿಸಿ ಕಾಗದ ತಿರುಗಿಸಿ ಓದು," ಅಂದ ಬಾಬಣ್ಣ. "ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆಲ್ಲ ಅನ್ವಯಿಸಲ್ಲ ಅಂತ ಸಣ್ಣಕ್ಷರದಲ್ಲಿ ಇರುತ್ತೆ. ಟ್ರ್ಯಾಕಲ್ಲಿ ಬಿದ್ದದ್ದು ನಿನ್ನ ಜೇಬಿಂದಲೇ. ಅದಕ್ಕೇ ಒಂದು ಜೊತೆ ಕ್ಲಚ್ ಲಿವರು, ಬ್ರೇಕ್ ಲಿವರು, ಗೇರ್ ಲಿವರು ಜೆ.ಸಿ. ರಸ್ತೆಯಿಂದ ತಗೊಂಡು ಬ್ಯಾಗಲ್ಲಿ ಹಾಕ್ಕೋ. ಸಣ್ಣಗೆ ಬಿದ್ರೂ ಮೊದಲು ಮುರಿಯೋದು ಅವೇ. ಲಿವರಿಲ್ಲದೆ ದಿನವಿಡೀ ಶಾಮಿಯಾನಾ ಕೆಳಗೆ ಕೂತ್ರೆ ಮಜ್ಜಿಗೆ ಕುಡಿಯೋ ಕೆಲಸವೊಂದೇ."

"ಮಜ್ಜಿಗೆ ಬಿಡಬೇಡ," ಅಂದಳು ಪದ್ದಿ. "ಇಪ್ಪತ್ತು ನಿಮಿಷ ಟ್ರ್ಯಾಕು, ಇಪ್ಪತ್ತು ನಿಮಿಷ ಕ್ಲಾಸು, ಇಪ್ಪತ್ತು ನಿಮಿಷ ವಿಶ್ರಾಂತಿ, ಹೀಗೆ ಐದು ಸಲ ಅಂದ್ಕೋ. ಸೆಷನ್‌ಗೆ ಆರು ಸುತ್ತು ಅಂದ್ರೂ ಒಟ್ಟು ನೂರಹತ್ತು ಕಿಲೋಮೀಟರ್. ಬೆಂಗಳೂರಿನವರಿಗೆ ಅದು ದೂರವೇ ಅಲ್ಲ, ಆದರೆ ಸೂಟೊಳಗೆ ಬೆವರು ಬಕೆಟ್ ಬಕೆಟ್. ಬಾಯಾರೋ ಮುಂಚೆ ಓಆರ್‌ಎಸ್ ಕುಡಿ. ಮಧ್ಯಾಹ್ನ ಬಿರಿಯಾನಿ ಬೇಡ. ಊಟದ ನಂತರದ ಸೆಷನ್, ಕಡೇ ಸೆಷನ್, ಇವೆರಡರಲ್ಲಿ ಬೀಳೋದು ಜಾಸ್ತಿ. ಒಂದು ಹೊಟ್ಟೆ, ಇನ್ನೊಂದು 'ಇವತ್ತಿಗೆ ಕೊನೇದು' ಅನ್ನೋ ಆಸೆ. ಸುಸ್ತಾದ್ರೆ ಕಡೇ ಸೆಷನ್ ಬಿಟ್ಟುಬಿಡು."

"ವಾಪಸ್ ಓಡಿಸ್ಕೊಂಡೇ ಬರ್ತೀನಿ."

"ಬೇಡ. ಟಾಟಾ ಏಸ್ ಮಾಡ್ಕೋ, ಇನ್ನಿಬ್ಬರು ಸೇರಿದ್ರೆ ಖರ್ಚು ಹಂಚಿಹೋಗುತ್ತೆ. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಡಿ. ಗಾಡಿ ನೆಟ್ಟಗೆ, ಫಸ್ಟ್ ಗೇರಲ್ಲಿ, ಮುಂದಿನ ಚಕ್ರ ಟಾಟಾ ಏಸಿನ ಮುಂದಿನ ಗೋಡೆಗೆ ಒತ್ತಿ, ಎರಡು ಕಡೆಯಿಂದ ರ‍್ಯಾಚೆಟ್ ಪಟ್ಟಿ, ಫೋರ್ಕ್ ಅರ್ಧ ಕುಗ್ಗೋ ತನಕ ಬಿಗಿ. ಹ್ಯಾಂಡಲ್ ತುದಿಗೆ ಕಟ್ಟಬೇಡ, ಫೋರ್ಕ್ ಹಿಡಿದಿರೋ ಕ್ಲ್ಯಾಂಪಿಗೆ ಕಟ್ಟು."

ರಾಮಣ್ಣ ಕಾಫಿ ಕಲೆಯಾದ ಪೇಪರ್ ಮಡಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಗಂಟಲು ಸರಿಮಾಡಿಕೊಂಡರು. "ಏನಮ್ಮಾ ಪದ್ದಿ, ಆ ಟಾಟಾ ಏಸಲ್ಲಿ ಇನ್ನೊಂದು ಗಾಡಿಗೆ ಜಾಗ ಆಗುತ್ತಾ?"

"ನಿಮ್ಮ ಯೆಜ್ಡಿಗಾ?"

"ಕೇಳಿದೆ ಅಷ್ಟೆ."

"ಜಾಗ ಮಾಡ್ಬಹುದು ರಾಮಣ್ಣ," ಅಂದ ಬಾಬಣ್ಣ. "ಆದರೆ ಹತ್ತು ವರ್ಷದಿಂದ ನೀವು ಗ್ಯಾಸ್ಕೆಟ್ ಬದಲಾಯಿಸಿಲ್ಲ. ನಿಂತ ಕಡೆಯೆಲ್ಲ ಆಯಿಲ್ ರಂಗೋಲಿ. ಹಳದಿ ಮೇಲೆ ಕೆಂಪು ಪಟ್ಟಿ ಬಾವುಟ ಹಿಡ್ಕೊಂಡು ಒಬ್ಬ ಹಿಂದಿನ ಸೀಟಲ್ಲೇ ಕೂರ್ಬೇಕಾಗುತ್ತೆ."

"ಶೀನಿ ಕೂರ್ತಾನೆ. ಸೀರೆ ಗಾರ್ಡ್ ನಂದಿನ್ನೂ ಬಿಚ್ಚಿಲ್ಲ," ಅಂದರು ರಾಮಣ್ಣ, ಇನ್ನೊಂದು ಬೈ-ಟೂ ಹೇಳೋಕೆ ಕೌಂಟರಿನ ಕಡೆ ಹೊರಟರು.