‘ಕೊಡುತ್ತೆ’, ‘ಕುಡಿಯುತ್ತೆ’, ‘ಗಟ್ಟಿ’: ಸಣ್ಣ ಎಸ್‌ಯುವಿಗಳನ್ನ ತೂಗಿ ನೋಡೋಕೆ ಪದಗಳು ಬೇಕು

ಕೆಲವು ಪದಗಳ ಬಗ್ಗೆ ನಿಮ್ಮನ್ನೆಲ್ಲ ಕೇಳೋದಿತ್ತು. ನಮ್ಮ ಚಿಕ್ಕಪ್ಪ ಸಣ್ಣ ಎಸ್‌ಯುವಿ ಒಂದು ತಗೋಬೇಕು ಅಂತಿದ್ದಾರೆ, ಎರಡು ಗಾಡಿ ಮಧ್ಯೆ ಇನ್ನೂ ಯಾವ್ದು ಅಂತ ಗಟ್ಟಿಯಾಗಿಲ್ಲ, ಇಂಗ್ಲಿಷ್ ರಿವ್ಯೂ ಓದೋ ಅಭ್ಯಾಸ ಅವರಿಗಿಲ್ಲ, ಅದಕ್ಕೆ ನಾನೇ ಎರಡನ್ನೂ ಓಡಿಸಿ ನೋಡಿ ಕನ್ನಡದಲ್ಲಿ ಎರಡು ಪುಟ ಬರ್ಕೊಟ್ಟೆ. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. ಓದಿ, "ಎಲ್ಲಾ ಸರಿ ಕಣೋ, ಆದ್ರೆ ಕೂತ್ರೆ ಗಾಡಿ ಹೇಗನ್ಸುತ್ತೆ ಅಂತ ಇದರಲ್ಲಿ ಎಲ್ಲಿದೆ?" ಅಂದ್ರು. ನಾನು ಬೆರಳಿಟ್ಟು ತೋರಿಸಿದ ಸಾಲು ಇದು: ‘ದೇಹದ ಹೊರಳುವಿಕೆ ನಿಯಂತ್ರಣದಲ್ಲಿದೆ.’ ಬಾಡಿ ರೋಲ್, ಅಂದ್ರೆ ತಿರುವಿನಲ್ಲಿ ಗಾಡಿ ಒಂದು ಪಕ್ಕಕ್ಕೆ ಬಾಗೋದು, ಅದನ್ನ ನಾನು ಹಾಗೆ ಬರ್ದಿದ್ದೆ. ಅವರು ಅದನ್ನ ಹಿಂದಿನ ಸೀಟಲ್ಲಿ ಕೂತವರು ಉರುಳಿ ಬೀಳಲ್ಲ ಅಂತ ತಿಳ್ಕೊಂಡಿದ್ರು. ಅವತ್ತಿಂದ ಆ ಎರಡು ಪುಟನ ಮತ್ತೆ ಬರೀತಾ ಇದೀನಿ, ಬರೆದಷ್ಟೂ ಪ್ರಶ್ನೆ ಜಾಸ್ತಿ ಆಗ್ತಿದೆ.

ಮೊದಲು ತಲೆಬರಹದ್ದೇ ತೊಂದ್ರೆ. ‘ಎರಡು ಗಾಡಿಗಳ ಹೋಲಿಕೆ’ ಅಂತ ಹಾಕಿದ್ದೆ. ಹೋಲಿಕೆ ಅಂದ ತಕ್ಷಣ ನಮಗೆ ಮನಸ್ಸಿಗೆ ಬರೋದು ಒಂದು ಇನ್ನೊಂದರ ಹಾಗೇ ಇರೋದು, ಮಗು ಮುಖದಲ್ಲಿ ತಾಯಿ ಹೋಲಿಕೆ ಇದೆ ಅಂತೀವಲ್ಲ ಹಾಗೆ. ಇಲ್ಲಿ ಬೇಕಾಗಿರೋದು ಬೇರೆ ಬೇರೆ ಎಲ್ಲಿ ಅನ್ನೋದು. ತಾಳೆ ನೋಡೋದು ಅಂದ್ರೆ ಎರಡು ಲೆಕ್ಕ ಹೊಂದುತ್ತಾ ಇಲ್ವಾ ಅಂತ ನೋಡೋದಾಗುತ್ತೆ. ಮೌಲ್ಯಮಾಪನ ಅಂದ್ರೆ ಪರೀಕ್ಷೆ ಪೇಪರ್ ತಿದ್ದೋದೇ ಕಣ್ಮುಂದೆ ಬರುತ್ತೆ. ಸದ್ಯಕ್ಕೆ ಒಂದೇ ಗಾಡಿ ಬಗ್ಗೆ ಆದ್ರೆ ‘ಒರೆಗೆ ಹಚ್ಚಿ ನೋಡೋದು’, ಎರಡಾದ್ರೆ ‘ತೂಗಿ ನೋಡೋದು’ ಅಂತ ಇಟ್ಕೊಂಡಿದೀನಿ.

ಇನ್ನು ಇಂಥ ಸಣ್ಣ ಎಸ್‌ಯುವಿಗೆ ಇಂಗ್ಲಿಷಲ್ಲಿ ಹೇಳೋ ಸಬ್‌ಕಾಂಪ್ಯಾಕ್ಟ್. ಇದು ಅಮೆರಿಕದಿಂದ ಬಂದ ಮಾತು, ಅಲ್ಲಿ ಕಾರುಗಳನ್ನ ಒಳಗಿನ ಜಾಗದ ಲೆಕ್ಕದಲ್ಲಿ ವಿಂಗಡಿಸ್ತಾರೆ, 85ರಿಂದ 100 ಘನ ಅಡಿ ಒಳಗಿದ್ರೆ ಸಬ್‌ಕಾಂಪ್ಯಾಕ್ಟ್ ಕಾರು. ಆದ್ರೆ ಆ ಲೆಕ್ಕ ಕಾರಿಗೆ, ಎಸ್‌ಯುವಿಗೆ ಅನ್ವಯಿಸಲ್ಲ, ಹಾಗಾಗಿ ಸಬ್‌ಕಾಂಪ್ಯಾಕ್ಟ್ ಎಸ್‌ಯುವಿ ಅನ್ನೋದು ಮಾರಾಟದೋರ ಬಾಯಲ್ಲಿ ಹುಟ್ಟಿ ಬೆಳೆದಿರೋ ಹೆಸರು. ಯುರೋಪಿನೋರು ಹೆಚ್ಚುಕಮ್ಮಿ ಇದನ್ನೇ ಬಿ-ಸೆಗ್ಮೆಂಟ್ ಅಂತಾರೆ. ಕನ್ನಡದಲ್ಲಿ ‘ಕಿರು ಎಸ್‌ಯುವಿ’ ಅನ್ನಬಹುದು, ಕಿರುಚಿತ್ರ ಕಿರುಹೊತ್ತಿಗೆ ತರಹ. ‘ಮರಿ ಎಸ್‌ಯುವಿ’ ಅಂದ್ರೆ ಇನ್ನೂ ಹತ್ತಿರ, ಆದ್ರೆ ಮರಿ ಅಂದ್ಮೇಲೆ ಮುಂದೆ ದೊಡ್ಡದಾಗುತ್ತೆ ಅನ್ನೋ ಭಾವನೆ ಬರುತ್ತೆ, ಅದೊಂದು ನಂಗೆ ಅಡ್ಡಿ. ಎಸ್‌ಯುವಿ ಅನ್ನೋದನ್ನ ಹಾಗೇ ಬಿಡೋಣ. ಹಿಂದಿನ ತಲೆಮಾರಿನೋರು ಎತ್ತರದ ಗಾಡಿಯನ್ನೆಲ್ಲ ‘ಜೀಪು’ ಅಂತಾರೆ, ಕೇಳೋಕೆ ಚೆನ್ನ, ಆದ್ರೆ ಅರ್ಥ ತಪ್ಪುತ್ತೆ. ಹಳೇ ಕಾಲದ ಜೀಪಿಗೆ ಏಣಿ ತರದ ಕಬ್ಬಿಣದ ಚೌಕಟ್ಟು ಇರುತ್ತೆ, ಅದರ ಮೇಲೆ ಬಾಡಿ ಕೂರಿಸಿರ್ತಾರೆ. ಈಗಿನ ಸಣ್ಣ ಎಸ್‌ಯುವಿಗಳಲ್ಲಿ ಹೆಚ್ಚಿನವು ಮೊಟ್ಟೆ ಚಿಪ್ಪಿನ ಹಾಗೆ ಬಾಡಿನೇ ಚೌಕಟ್ಟು. 2003ರಲ್ಲಿ ಬ್ರೆಜಿಲ್‌ನಲ್ಲಿ ಬಂದ ಫೋರ್ಡ್ ಇಕೋಸ್ಪೋರ್ಟ್ ಫಿಯೆಸ್ಟಾ ಕಾರಿನ ತಳದ ಮೇಲೆ ಕಟ್ಟಿದ್ದು, 2013ರ ರೆನೊ ಕ್ಯಾಪ್ಚರ್ ಕ್ಲಿಯೊ ಕಾರಿನ ತಳದ ಮೇಲೆ. ಅಂದ್ರೆ ಎತ್ತರಿಸಿದ ಕಾರು. ಇದನ್ನ ತಗೊಳ್ಳೋರಿಗೆ ಸ್ಪಷ್ಟವಾಗಿ ಹೇಳಬೇಕು, ಇಲ್ಲಾಂದ್ರೆ ಹಳ್ಳಕೊಳ್ಳ ಎಲ್ಲಾ ಹತ್ತುತ್ತೆ ಅಂತ ನಂಬ್ತಾರೆ.

ಈಗ ನನಗೆ ತುಂಬಾ ಮುಖ್ಯ ಅನ್ಸಿದ್ದು. ಮೈಲೇಜು. ಪದ ಮೈಲಿಯಿಂದ ಬಂದಿದ್ದು, ಅಳೆಯೋದು ಕಿಲೋಮೀಟರಲ್ಲಿ, ಅದಿರ್ಲಿ, ಯಾರಿಗೂ ಗೊಂದಲ ಇಲ್ಲ. ನಾನು ಹೇಳೋಕೆ ಹೊರಟಿರೋದು ಅದರ ಜೊತೆಗೆ ಬರೋ ಕ್ರಿಯಾಪದದ ಬಗ್ಗೆ. ನಾವು ಎರಡು ತರ ಮಾತಾಡ್ತೀವಿ: ‘ಗಾಡಿ ಎಷ್ಟು ಕೊಡುತ್ತೆ?’ ಅಂತ ಒಂದು, ‘ಗಾಡಿ ಪೆಟ್ರೋಲ್ ಕುಡಿಯುತ್ತೆ’ ಅಂತ ಇನ್ನೊಂದು. ಪ್ರಪಂಚದಲ್ಲಿ ಇಂಧನ ಅಳೆಯೋ ಲೆಕ್ಕಗಳೂ ಎರಡೇ ಜಾತಿ, ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನೋದು, ಇನ್ನೊಂದು ಯುರೋಪಿನಲ್ಲಿ ನಡೆಯೋ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಅನ್ನೋದು. ಮೊದಲ್ನೇದು ಕೊಡೋ ಲೆಕ್ಕ, ಎರಡನೇದು ಕುಡಿಯೋ ಲೆಕ್ಕ! ನಮ್ಮ ಭಾಷೇಲಿ ಎರಡಕ್ಕೂ ಮಾತು ರೆಡಿ ಇದೆ, ಆದ್ರೆ ನಾವು ಕುಡಿಯೋದನ್ನ ಬರೀ ಬೈಯೋಕೆ ಇಟ್ಕೊಂಡಿದೀವಿ, ಅಳತೆಗೆ ಬಳಸ್ತಿಲ್ಲ.

ಯಾಕೆ ಇದು ಮುಖ್ಯ ಅಂದ್ರೆ, ತೂಗಿ ನೋಡುವಾಗ ಕೊಡೋ ಲೆಕ್ಕ ದಾರಿ ತಪ್ಪಿಸುತ್ತೆ. 10 ಕೊಡ್ತಿದ್ದ ಗಾಡಿ ಬಿಟ್ಟು 12 ಕೊಡೋದು ತಗೊಂಡ್ರೆ 2 ಹೆಚ್ಚಾಯ್ತು, 20 ಕೊಡೋದು ಬಿಟ್ಟು 22 ಕೊಡೋದು ತಗೊಂಡ್ರೂ 2 ಹೆಚ್ಚಾಯ್ತು, ಎರಡೂ ಒಂದೇ ಅನ್ಸುತ್ತೆ. ಈಗ ಕುಡಿಯೋ ಲೆಕ್ಕಕ್ಕೆ ಬನ್ನಿ. ತಿಂಗಳಿಗೆ 1,000 ಕಿಲೋಮೀಟರ್ ಓಡಿಸೋರಿಗೆ ಮೊದಲ್ನೇ ಜೋಡಿಯಲ್ಲಿ 100 ಲೀಟರ್ ಕುಡಿತಿದ್ದಿದ್ದು ಸುಮಾರು 83ಕ್ಕೆ ಇಳಿಯುತ್ತೆ, 17 ಲೀಟರ್ ಉಳೀತು. ಎರಡನೇ ಜೋಡಿಯಲ್ಲಿ 50 ಇದ್ದಿದ್ದು 45 ಚಿಲ್ಲರೆ ಆಗುತ್ತೆ, ಉಳಿದಿದ್ದು ನಾಲ್ಕೂವರೆ ಲೀಟರ್ ಅಷ್ಟೇ. ಚಿಕ್ಕಪ್ಪನಿಗೆ ಇದನ್ನ ಹೊಸ ಪುಟದಲ್ಲಿ ‘ಕೊಡೋದು’ ‘ಕುಡಿಯೋದು’ ಅಂತ ಎರಡು ಕಾಲಂ ಹಾಕಿ ಬರ್ದೆ, ಒಂದೇ ಸಲಕ್ಕೆ ಹಿಡ್ಕೊಂಡ್ರು. ‘ಇಂಧನ ಬಳಕೆ ದರ’ ಅಂತ ಬರ್ದಿದ್ರೆ ಆಗ್ತಿರ್ಲಿಲ್ಲ. ಹಾಗಾಗಿ ನನ್ನ ಮೊದಲ್ನೇ ಪ್ರಶ್ನೆ: ‘ಕುಡಿತ’ ಅಂದ್ರೆ ಬೇರೆ ಅರ್ಥ ಬಂದ್ಬಿಡುತ್ತೆ, ‘ಕುಡಿಯುವಳತೆ’ ಅಂದ್ರೆ ಕೃತಕ ಅನ್ಸುತ್ತೆ, ಇದಕ್ಕೆ ಒಂದು ಒಳ್ಳೆ ನಾಮಪದ ಹೇಳ್ತೀರಾ?

ಪಿಕಪ್ ಅನ್ನೋದನ್ನ ನಾನು ಬಿಡ್ತಾ ಇದೀನಿ, ಎಲ್ಲರೂ ಆಡ್ತಾರೆ ನಿಜ, ಆದ್ರೆ ಅದರೊಳಗೆ ಎರಡು ಬೇರೆ ಬೇರೆ ಗುಣ ಸೇರ್ಕೊಂಡಿದೆ. ಕೆಳಗಿನ ಗೇರಲ್ಲಿ ಜನ ತುಂಬ್ಕೊಂಡು ಏರು ಹತ್ತೋವಾಗ ಬೇಕಾಗಿರೋದು ‘ಎಳೆತ’, ಖಾಲಿ ರಸ್ತೇಲಿ ವೇಗ ಹಿಡಿಯೋಕೆ ಬೇಕಾಗಿರೋದು ‘ಓಟ’. ಟಾರ್ಕ್, ಅಂದ್ರೆ ಎಂಜಿನ್ನಿನ ತಿರುಗಿಸೋ ಬಲ, ಮೊದಲ್ನೇದಕ್ಕೆ ಹತ್ತಿರ, ಪವರ್ ಎರಡನೇದಕ್ಕೆ. ಸಣ್ಣ ಟರ್ಬೊ ಎಂಜಿನ್ (ಹೊಗೆಯ ರಭಸದಿಂದಲೇ ಹೆಚ್ಚು ಗಾಳಿ ಒಳಗೆ ತಳ್ಳೋದು) ಇರೋ ಗಾಡಿ ಓಡಿಸಿ ನೋಡಿ, ಆಕ್ಸಿಲರೇಟರ್ ಒತ್ತಿದ ಮೇಲೆ ಒಂದು ಕ್ಷಣ ಏನೂ ಆಗಲ್ಲ, ಆಮೇಲೆ ಒಮ್ಮೆಲೇ ಎಳೆಯುತ್ತೆ. ಇದಕ್ಕೆ ಟರ್ಬೊ ಲ್ಯಾಗ್ ಅಂತಾರೆ, ನಾನು ‘ತಡವರಿಸುತ್ತೆ’ ಅಂತ ಬರ್ದೆ. ಉತ್ತರ ಗೊತ್ತಿದ್ದೂ ಬಾಯಿಗೆ ಬರೋಕೆ ಸ್ವಲ್ಪ ಹೊತ್ತು ಹಿಡಿಯೋದು ತಡವರಿಸೋದೇ ತಾನೆ, ಇಷ್ಟು ಸರಿಯಾಗಿ ಕೂತ ಪದ ಇನ್ನೊಂದಿಲ್ಲ ಅನ್ಸುತ್ತೆ ನಂಗೆ. ಸಿವಿಟಿ, ಅಂದ್ರೆ ಹಂತ ಹಂತದ ಗೇರಿಲ್ಲದೆ ನಯವಾಗಿ ಬದಲಾಗೋ ಗೇರ್‌ಬಾಕ್ಸಿಗೆ ‘ಸದ್ದು ಮುಂದೆ, ಓಟ ಹಿಂದೆ’. ಎಎಂಟಿ, ಅಂದ್ರೆ ಮಾಮೂಲಿ ಗೇರನ್ನೇ ಯಂತ್ರ ಹಾಕಿಕೊಡೋ ಗೇರ್‌ಬಾಕ್ಸ್, ಗೇರ್ ಬದಲಿಸುವಾಗ ತಲೆ ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತಲ್ಲ, ಅದಕ್ಕೆ ‘ತೂಕಡಿಸಿದ ಹಾಗೆ’ ಅಂದೆ. ಎರಡನ್ನೂ ಬರೀ ‘ಆಟೋಮ್ಯಾಟಿಕ್’ ಅಂತ ಒಂದೇ ಪದದಲ್ಲಿ ಸೇರಿಸಿ ಮಾರ್ತಾರೆ, ಅದು ಸರಿಯಲ್ಲ, ಓಡಿಸೋರಿಗೆ ಅವು ಎರಡು ಬೇರೆ ಗಾಡಿಗಳೇ.

ಬಾಡಿ ರೋಲ್ ವಿಷಯಕ್ಕೆ ವಾಪಸ್ ಬರ್ತೀನಿ. ಕನ್ನಡದಲ್ಲಿ ಅಲುಗಾಟಕ್ಕೆ ಎಷ್ಟು ಪದ ಇದೆ ಅಂತ ಪಟ್ಟಿ ಮಾಡ್ತಾ ಕೂತ್ರೆ ಖುಷಿಯಾಗುತ್ತೆ. ತಿರುವಿನಲ್ಲಿ ಗಾಡಿ ಒಂದು ಪಕ್ಕಕ್ಕೆ ಬಾಗಿದ್ರೆ ವಾಲೋದು. ಬಾಗಿ, ವಾಪಸ್ ಬಂದು, ಮತ್ತೆ ಆ ಕಡೆ ಬಾಗ್ತಾ ಇದ್ರೆ ಓಲಾಡೋದು. ಬ್ರೇಕ್ ಹಾಕಿದಾಗ ಮೂತಿ ಕೆಳಗೆ ಹೋದ್ರೆ ಮುಗ್ಗರಿಸೋದು. ಹಂಪ್ ಇಳಿದ ಮೇಲೆ ಹಿಂಭಾಗ ಎದ್ದು ಬಿದ್ರೆ ಎತ್ತಿಹಾಕೋದು. ಸಣ್ಣ ಸಣ್ಣ ಗುಂಡಿ ಸಾಲಾಗಿ ಬಂದಾಗ ಕುಲುಕೋದು. ಎಂಜಿನ್‌ನಿಂದ ಸ್ಟೀರಿಂಗಿಗೆ ಬರೋದು ಅದುರೋದು. ಎತ್ತರದ ಗಾಡಿ ಜಾಸ್ತಿ ವಾಲಬಾರದು ಅಂತ ಸಸ್ಪೆನ್ಷನ್ ಬಿಗಿ ಮಾಡಿದ್ರೆ ಕುಲುಕೋದು ಜಾಸ್ತಿ ಆಗುತ್ತೆ, ಮೆತ್ತಗೆ ಬಿಟ್ರೆ ಓಲಾಡುತ್ತೆ. ನಾನು ನೋಡಿದ ಎರಡು ಗಾಡಿಗಳ ನಡುವಿನ ನಿಜವಾದ ವ್ಯತ್ಯಾಸ ಇದೇ, ಒಂದು ಕುಲುಕುತ್ತೆ ಇನ್ನೊಂದು ವಾಲುತ್ತೆ. ನನ್ನ ಮೊದಲ್ನೇ ಎರಡು ಪುಟದಲ್ಲಿ ಇದು ‘ರೈಡ್ ಕ್ವಾಲಿಟಿ ಉತ್ತಮ’ ಅನ್ನೋ ಎರಡು ಸಾಲಾಗಿತ್ತು, ಎರಡಕ್ಕೂ ಅದೇ ಸಾಲು.

ಇದರ ಜೊತೆಗೇ ಟೈರ್ ಸೈಡ್‌ವಾಲ್, ಅಂದ್ರೆ ರಿಮ್ಮಿಗೂ ರಸ್ತೆಗೂ ನಡುವೆ ಪಕ್ಕದಲ್ಲಿ ಕಾಣೋ ರಬ್ಬರ್. ಟೈರ್ ಮೇಲೆ 195/60 ಆರ್16 ಅಂತ ಇದ್ರೆ ಅಗಲ 195 ಮಿಲಿಮೀಟರ್, ಅದರ ಶೇಕಡ 60 ಅಂದ್ರೆ 117 ಮಿಲಿಮೀಟರ್ ಸೈಡ್‌ವಾಲಿನ ಎತ್ತರ, 16 ಅಂದ್ರೆ ರಿಮ್ಮಿನ ಇಂಚು. 205/50 ಆರ್17 ಆದ್ರೆ 102 ಚಿಲ್ಲರೆ ಅಷ್ಟೇ, ದೊಡ್ಡ ಚಕ್ರ ನೋಡೋಕೆ ಚೆಂದ, ಆದ್ರೆ ಗುಂಡಿಗೆ ಬಿದ್ದಾಗ ಒತ್ತಿಕೊಳ್ಳೋಕೆ ರಬ್ಬರ್ ಕಮ್ಮಿ. ಇದನ್ನ ‘ಟೈರಿನ ಪಕ್ಕೆ’ ಅಂತ ಬರ್ದಿದೀನಿ. ಒಪ್ಪಿಗೆಯಾಗುತ್ತಾ?

ಗ್ರೌಂಡ್ ಕ್ಲಿಯರೆನ್ಸಿಗೆ ‘ನೆಲದಿಂದ ಎತ್ತರ’ ಅಂದ್ರೆ ಸೀಟಿನ ಎತ್ತರ ಅಂತಾನೂ ಓದಿಕೊಳ್ಳಬಹುದು. ‘ಅಡಿತೆರಪು’ ಅಂತ ಕಟ್ಟಿದೀನಿ, ಗಾಡಿಯ ಅಡಿಗೂ ನೆಲಕ್ಕೂ ಇರೋ ತೆರಪು. ಬಾಯಲ್ಲಿ ಜನ ಹೇಳೋದು ‘ಅಡಿ ಉಜ್ಜುತ್ತೆ’ ಅಂತಲೇ. ಒಂದು ಗಾಡೀಲಿ ನಾನೊಬ್ಬನೇ ಇದ್ದಾಗ ಸಲೀಸಾಗಿ ದಾಟಿದ ಹಂಪನ್ನ ಐದು ಜನ ಕೂತ್ಕೊಂಡು ದಾಟಿದಾಗ ಕೆಳಗಡೆ ಕರ್ರ್ ಅಂತ ಉದ್ದಕ್ಕೆ ಉಜ್ಜಿದ್ದು ಕಾಲಿಗೇ ಗೊತ್ತಾಯ್ತು. ಹಾಗಾಗಿ ‘ಖಾಲಿ ಅಡಿತೆರಪು’, ‘ತುಂಬಿದ ಅಡಿತೆರಪು’ ಅಂತ ಎರಡು ಬೇಕು, ಬ್ರೋಷರಲ್ಲಿ ಯಾವುದು ಹಾಕಿದಾರೆ ಅಂತ ಕೇಳಿಯೇ ತಿಳ್ಕೋಬೇಕು. ವೀಲ್‌ಬೇಸ್ ಕೂಡ ಇದಕ್ಕೆ ಸೇರುತ್ತೆ, ಮುಂದಿನ ಹಿಂದಿನ ಚಕ್ರಗಳ ನಡುವೆ ಉದ್ದ ಜಾಸ್ತಿ ಇದ್ದಷ್ಟೂ ಹೊಟ್ಟೆ ಉಜ್ಜೋದು ಜಾಸ್ತಿ. ಅದಕ್ಕೆ ಎತ್ತಿನ ಗಾಡಿಯ ‘ಅಚ್ಚು’ ಇದೆಯಲ್ಲ, ‘ಅಚ್ಚಿನಿಂದಚ್ಚಿಗೆ’ ಅಂದ್ರೆ ಸಾಕು.

ಡಿಕ್ಕಿ. ಕಾರಿನ ಹಿಂದಿನ ಲಗೇಜ್ ಜಾಗಕ್ಕೆ ಎಲ್ಲರೂ ಹೇಳೋದು ಡಿಕ್ಕಿ ಅಂತಲೇ, ಇಂಗ್ಲಿಷಿನಲ್ಲಿ ಹಳೇ ಗಾಡಿಗಳ ಹಿಂಬದಿ ಸೀಟಿಗಿದ್ದ ಡಿಕ್ಕಿ ಅನ್ನೋ ಹೆಸರು ಹಾಗೇ ಉಳ್ಕೊಂಡಿರೋದು. ಗುದ್ದೋದಕ್ಕೂ ನಾವು ಡಿಕ್ಕಿ ಅಂತೀವಿ. ಕ್ರ್ಯಾಶ್ ಟೆಸ್ಟ್ ವಿಷಯ ಇರೋ ಪುಟದಲ್ಲೇ ‘ಹಿಂದಿನ ಡಿಕ್ಕಿಗೆ ಐದು ಅಂಕ’ ಅಂತ ಬಂದ್ರೆ ಓದೋರು ಏನಂತ ತಿಳ್ಕೊಳ್ಳಬೇಕು? ನಾನು ಗುದ್ದೋದಕ್ಕೆ ‘ಗುದ್ದು’ ಇಟ್ಕೊಂಡು, ಡಿಕ್ಕಿಯನ್ನ ಲಗೇಜಿಗೇ ಬಿಟ್ಟೆ. ಅದರ ಲೀಟರ್ ಲೆಕ್ಕ ನೀರು ತುಂಬಿ ಅಳೆದಿದ್ದಲ್ಲ, ಜರ್ಮನಿಯ ಕಾರು ಉದ್ಯಮದ ಸಂಘ ವಿಡಿಎಯ ಪದ್ಧತೀಲಿ 200, 100, 50 ಮಿಲಿಮೀಟರಿನ ಇಟ್ಟಿಗೆಯಂಥ ತುಂಡುಗಳನ್ನ ಜೋಡಿಸಿ ಎಣಿಸ್ತಾರೆ, ಒಂದು ತುಂಡು ಒಂದು ಲೀಟರ್. ಆದ್ರೆ ಸೂಟ್‌ಕೇಸ್ ಎತ್ತಿ ಇಡೋರಿಗೆ ಲೀಟರಿಗಿಂತ ಮುಖ್ಯ ಆಗೋದು ಬಾಯಂಚಿನ ಎತ್ತರ, ಅದನ್ನ ದಾಟಿಸೋಕೆ ಸೊಂಟ ಎಷ್ಟು ಬಗ್ಗಬೇಕು ಅನ್ನೋದು. ಅದಕ್ಕೆ ನಾನು ಬರ್ದಿದ್ದು ‘ಡಿಕ್ಕಿಯ ಹೊಸಿಲು’. ಚಿಕ್ಕಮ್ಮ ಓದಿ, "ಹೊಸಿಲು ಎತ್ತರ ಇರೋದು ಬೇಡ" ಅಂತ ಅಲ್ಲೇ ತೀರ್ಮಾನ ಹೇಳಿದ್ರು.

ಕೊನೇದಾಗಿ ‘ಗಟ್ಟಿ’, ಇದನ್ನ ದಯವಿಟ್ಟು ಯೋಚನೆ ಮಾಡಿ ಹೇಳಿ, ಇದರಲ್ಲಿ ಜೀವದ ಪ್ರಶ್ನೆ ಇದೆ. ಗಾಡಿ ನೋಡೋಕೆ ಹೋದೋರೆಲ್ಲ ಬಾಗಿಲು ಹಾಕಿ ದಪ್ ಅನ್ನೋ ಸದ್ದು ಕೇಳಿ, ಬಾನೆಟ್ ಮೇಲೆ ಹೆಬ್ಬೆರಳು ಒತ್ತಿ, ‘ಬಾಡಿ ಗಟ್ಟಿ ಇದೆ’ ಅಂತಾರೆ. ಆದ್ರೆ ಗುದ್ದಿದಾಗ ಮುಂಭಾಗ ಗಟ್ಟಿಯಾಗಿ ನಿಂತ್ರೆ ಹೊಡೆತ ಪೂರಾ ಒಳಗಿನೋರಿಗೇ ಹೋಗುತ್ತೆ. ಮುಂಭಾಗ ಮುದುರಬೇಕು, ಕೂರೋ ಜಾಗ ಮಾತ್ರ ಗಟ್ಟಿಯಾಗಿ ಉಳೀಬೇಕು. ಬೇಲಾ ಬರೇನಿ ಅನ್ನೋ ಎಂಜಿನಿಯರ್ 1950ರ ದಶಕದ ಶುರುವಿನಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ರು, 1959ರ ಮರ್ಸಿಡಿಸ್ ಕಾರಲ್ಲಿ ಬಂತು. ನಮ್ಮಲ್ಲಿ ಅಪಘಾತದ ಸುದ್ದಿ ಓದೋವಾಗ ‘ಕಾರು ನುಜ್ಜುಗುಜ್ಜು’ ಅಂತಾನೇ ಬರೋದು, ಹಾಗಾಗಿ ಬಾನೆಟ್ ಮಡಚಿಕೊಂಡ ಗಾಡಿ ಕಳಪೆ ಅಂತ ಜನ ತೀರ್ಮಾನಕ್ಕೆ ಬರ್ತಾರೆ, ಒಳಗಿದ್ದೋರು ಇಳಿದು ನಡ್ಕೊಂಡು ಬಂದಿದ್ರೂ ಸಹ. ಕ್ರಂಪಲ್ ಝೋನಿಗೆ ‘ಮುದುರು ಭಾಗ’ ಅಂತ, ಕ್ಯಾಬಿನ್‌ಗೆ ‘ಗಟ್ಟಿ ಗೂಡು’ ಅಂತ ಬರ್ದಿದೀನಿ. ಕ್ರ್ಯಾಶ್ ಟೆಸ್ಟಿನ ಸ್ಟಾರ್ ರೇಟಿಂಗ್ ನೋಡುವಾಗಲೂ ಒಂದು ಮಾತು ಸೇರಿಸಬೇಕು, ಕದಲದ ತಡೆಗೆ ಗುದ್ದಿಸೋ ಮುಂಭಾಗದ ಪರೀಕ್ಷೆ ಸುಮಾರಾಗಿ ತನ್ನಷ್ಟೇ ತೂಕದ ಗಾಡಿಗೆ ಗುದ್ದಿದ ಹಾಗೆ, ಹಾಗಾಗಿ ಸಣ್ಣ ಎಸ್‌ಯುವಿಯ ಐದು ಸ್ಟಾರನ್ನ ಭಾರಿ ಗಾಡಿಯ ಐದು ಸ್ಟಾರ್ ಜೊತೆ ತೂಗೋ ಹಾಗಿಲ್ಲ. ಬೇರೆ ಬೇರೆ ವರ್ಷದ ನಿಯಮದಲ್ಲಿ ಸಿಕ್ಕಿದ ಸ್ಟಾರನ್ನೂ ತೂಗೋ ಹಾಗಿಲ್ಲ.

ಇನ್ನೊಂದೇ ಒಂದು ಪದ ಸಿಕ್ಕಿಲ್ಲ. ಚಾಲಕನ ಸೀಟನ್ನ ಚಿಕ್ಕಪ್ಪನ ಉದ್ದಕ್ಕೆ ಸರಿಯಾಗಿ ಹಿಂದಕ್ಕೆ ತಳ್ಳಿ, ಅದರ ಹಿಂದೆ ನಾನು ಕೂತು ನೋಡ್ದೆ, ಒಂದು ಗಾಡೀಲಿ ಮಂಡಿ ತಾಗ್ತಿತ್ತು, ಅದಕ್ಕೆ ‘ಇಕ್ಕಟ್ಟು’ ಅಂತ ಬರೆಯೋಕೆ ಒಂದು ಕ್ಷಣಾನೂ ಬೇಕಾಗ್ಲಿಲ್ಲ. ಇನ್ನೊಂದರಲ್ಲಿ ಮಂಡಿ ಮುಂದೆ ಒಂದು ಅಂಗೈ ಅಗಲ ಜಾಗ ಇತ್ತು. ಇದಕ್ಕೆ ‘ವಿಶಾಲ’ ಅಂದ್ರೆ ಜಾಸ್ತಿ ಹೇಳಿದ ಹಾಗೆ, ‘ಸಡಿಲ’ ಅಂದ್ರೆ ಬಟ್ಟೆ ನೆನಪಾಗುತ್ತೆ, ‘ಜಾಗ ಇದೆ’ ಅಂದ್ರೆ ಏನೂ ಹೇಳಿದ ಹಾಗಾಗಲ್ಲ. ಇಕ್ಕಟ್ಟಿಗೆ ಎದುರಾಗಿ ಅಷ್ಟೇ ಚಿಕ್ಕ, ಅಷ್ಟೇ ಬಾಯಿಗೆ ಬರೋ ಪದ ನಿಮ್ಮ ಕಡೆ ಮಾತಲ್ಲಿ ಇದ್ರೆ ತಿಳಿಸಿ. ಭಾನುವಾರ ಚಿಕ್ಕಪ್ಪನ ಜೊತೆ ಮತ್ತೆ ಗಾಡಿ ನೋಡೋಕೆ ಹೋಗ್ತಿದೀನಿ, ಅಷ್ಟರೊಳಗೆ ಹೊಸ ಪುಟ ಅವರ ಕೈಗೆ ಕೊಡಬೇಕು.