ಅಪ್‌ಡೇಟ್: ಮಗುವನ್ನು ನೋಡಿಕೊಳ್ಳುವ ಅಕ್ಕನ ಸಂಬಳ ನಿಗದಿಯಾಯಿತು

ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಗೆ ಬಂದು ಎರಡು ವರ್ಷದ ಮಗಳನ್ನು ನೋಡಿಕೊಳ್ಳುವ ಅಕ್ಕನಿಗೆ ಗಂಟೆಗೆ ಎಷ್ಟು ಕೊಡುವುದು ನ್ಯಾಯ ಎಂದು ಕಳೆದ ತಿಂಗಳು ಕೇಳಿದ್ದೆ. ಆಗ ಕೊಡುತ್ತಿದ್ದದ್ದು 60 ರೂಪಾಯಿ. ಕರ್ನಾಟಕದಲ್ಲಿ ಮನೆಗೆಲಸಕ್ಕೆ 2004ರಲ್ಲೇ ಕನಿಷ್ಠ ವೇತನ ನಿಗದಿಯಾಗಿದೆ ಎಂದು ನಿಮ್ಮಲ್ಲೊಬ್ಬರು ನೆನಪಿಸಿದಾಗ, ನಮ್ಮ ಲೆಕ್ಕವೆಲ್ಲ ಅಕ್ಕಪಕ್ಕದವರು ಎಷ್ಟು ಕೊಡುತ್ತಾರೆ ಎಂಬಲ್ಲಿಗೇ ನಿಂತಿತ್ತೆಂಬುದು ಅರಿವಾಯಿತು.

ಭಾನುವಾರ ಅಕ್ಕನನ್ನೇ ಕೂರಿಸಿಕೊಂಡು ಮಾತನಾಡಿದೆವು. ದರಕ್ಕಿಂತ ಹೆಚ್ಚಾಗಿ ಅವರಿಗೆ ಬೇಸರ ತರಿಸಿದ್ದು ನನ್ನ ತಡ: ಮಣಿಪಾಲದಿಂದ ಏಳಕ್ಕೆ ಬರುತ್ತೇನೆಂದು ಹೇಳಿ ಏಳೂಮುಕ್ಕಾಲಿಗೆ ತಲುಪಿದ ದಿನಗಳಲ್ಲಿ ಅವರಿಗೆ ಬಸ್ಸು ತಪ್ಪಿ, ರಿಕ್ಷಾಕ್ಕೆ ಅವರೇ 150 ರೂಪಾಯಿ ತೆರುತ್ತಿದ್ದರು. ನಮ್ಮದೇ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಎಳೆದ ಒಂಬತ್ತು ಗೆರೆಗಳನ್ನು ತೋರಿಸಿದರು. ಆ 1,350 ರೂಪಾಯಿಯನ್ನು ಅಂದೇ ತೀರಿಸಿದೆವು.

ಈಗ ಗಂಟೆಗೆ 100 ರೂಪಾಯಿ. ಏಳರ ನಂತರ 150, ಜೊತೆಗೆ ರಿಕ್ಷಾ ಬಾಡಿಗೆ ನಮ್ಮದು. ಕೊನೆಗಳಿಗೆಯಲ್ಲಿ ನಾವು ಬೇಡವೆಂದರೆ ಅರ್ಧ ದಿನದ ಸಂಬಳ ಕೊಡಬೇಕು. ಮಗುವಿಗೆ ಗಂಜಿ ಬೇಯಿಸುವುದು ಇದರಲ್ಲಿ ಸೇರುತ್ತದೆ, ನಮ್ಮ ಪಾತ್ರೆ ತೊಳೆಯುವುದು ಸೇರುವುದಿಲ್ಲ (ಅತ್ತೆಯವರನ್ನು ಒಪ್ಪಿಸಲು ಎರಡು ದಿನ ಹಿಡಿಯಿತು). ವಿಟ್ಲಪಿಂಡಿಯಂದು (ಕೃಷ್ಣಾಷ್ಟಮಿಯ ಮರುದಿನ ಉಡುಪಿಯಲ್ಲಿ ನಡೆಯುವ ಉತ್ಸವ) ಸಂಬಳಸಹಿತ ರಜೆ ಬೇಕೆಂದು ಅಕ್ಕ ಕೇಳಿದರು, ಒಪ್ಪಿದೆವು.